ಪಟಿಕ, ಮೈಲುತುತ್ತ, ಒಂದೇ ಒಂದು ದೀಪ

ಪಟಿಕವನ್ನು (ಆಲಂ) ಕುಟ್ಟಿ ನಯವಾಗಿ ಪುಡಿ ಮಾಡಿದರೆ ಅದಕ್ಕೂ ಮೈದಾಹಿಟ್ಟಿಗೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ನಿಧಾನವಾಗಿ ಆರಲು ಬಿಟ್ಟರೆ ಎಂಟು ಮುಖದ ಹರಳುಗಳಾಗಿ ಮರಳಿ ಬರುತ್ತದೆ. ವಸ್ತು ಅದೇ, ಬೆಲೆಯೂ ಅದೇ. ಪುಡಿಯಲ್ಲಿ ಬೆಳಕು ಎಲ್ಲ ದಿಕ್ಕಿಗೂ ಚೆದುರಿ ಬರೀ ಬಿಳುಪಾಗುತ್ತದೆ. ಹರಳಿನ ಚಪ್ಪಟೆ ಮುಖದ ಮೇಲೆ ಬಿದ್ದದ್ದು ಒಟ್ಟಾಗಿ ಒಂದೇ ದಿಕ್ಕಿಗೆ ಹೊರಳುತ್ತದೆ, ಉಳಿದದ್ದು ಒಳಗೆ ಹೊಕ್ಕು ಬಾಗಿ ಮತ್ತೊಂದು ಮುಖದಿಂದ ಹೊರಬೀಳುತ್ತದೆ. ಹೊಳೆಯುವ ಕಲಾಕೃತಿ ಮಾಡಲು ದುಬಾರಿ ಸಾಮಗ್ರಿ ಬೇಕು ಎನ್ನುವವರಿಗೆ ನಾನು ಮೊದಲು ತೋರಿಸುವುದು ಈ ಎರಡು ಬಟ್ಟಲುಗಳನ್ನು.

ನಾನು ಕಲಿತದ್ದು ಚಿತ್ರಕಲೆ. ಈಗ ಮಾಡುತ್ತಿರುವುದು ಹರಳು ಬೆಳೆಸಿ ಗೋಡೆಗೆ ತೂಗುಹಾಕುವ ಫಲಕಗಳನ್ನು. ಊರು ಸಾಗರದ ಕಡೆ. ಮನೆಯ ಹಿಂದೆ ಅಡಿಕೆ ತೋಟ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನನ್ನ ಬಕೆಟ್ಟು, ಡಬ್ಬ, ದಾರಗಳು.

ಚಿತ್ರಕಲೆಯ ತರಗತಿಯಲ್ಲಿ ಹೊಳಪು ಎಂದರೆ ಕಣ್ಣಿಗೆ ಮಾಡುವ ಉಪಾಯ. ಗಾಜಿನ ಹೂಜಿ ಬರೆಯುವಾಗ ಅತ್ಯಂತ ಬಿಳಿಯ ಚುಕ್ಕೆಯನ್ನು ಅತ್ಯಂತ ಕಪ್ಪಿನ ಪಕ್ಕದಲ್ಲಿಡಬೇಕು, ನಡುವೆ ಬಣ್ಣವನ್ನು ಮೆಲ್ಲಗೆ ಕರಗಿಸಬಾರದು. ಅಂಚು ಚೂಪಾಗಿದ್ದಷ್ಟೂ ಗಾಜು ಗಾಜಾಗುತ್ತದೆ. ಅಂಚನ್ನು ಒದ್ದೆ ಕುಂಚದಿಂದ ಸವರಿದರೆ ಹೂಜಿ ಮಣ್ಣಿನದಾಗುತ್ತದೆ. ಇಟಲಿಯ ಕಲಾಚಿಂತಕ ಆಲ್ಬರ್ಟಿ 1435ರಷ್ಟು ಹಿಂದೆಯೇ ಚಿತ್ರಕಾರರಿಗೆ ಬುದ್ಧಿ ಹೇಳಿದ್ದ: ಚಿನ್ನದ ರೇಕು ಅಂಟಿಸುವವನಿಗಿಂತ, ಬರೀ ಬಣ್ಣದಲ್ಲಿ ಚಿನ್ನದ ಹೊಳಪು ತೋರಿಸುವವನಿಗೆ ಹೆಚ್ಚು ಮನ್ನಣೆ ಸಲ್ಲಬೇಕು ಎಂದು. ನಮ್ಮ ಮೈಸೂರು ಶೈಲಿಯವರು ಈ ಮಾತಿಗೆ ಒಪ್ಪುವವರಲ್ಲ. ಅವರು ಉಬ್ಬು ಕೆಲಸ ಮಾಡಿ ಅದರ ಮೇಲೆ ಅಸಲಿ ರೇಕನ್ನೇ ಕೂರಿಸುತ್ತಾರೆ. ಆದರೆ ಉಬ್ಬು ತೆಳುವಾಗಿರುತ್ತದೆ, ರೇಕು ಸೆರಗಿನ ಅಂಚು, ಒಡವೆ, ಪ್ರಭಾವಳಿಗಳಿಗೆ ಮಾತ್ರ. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಕಲ್ಲುಗಳೂ ಕೂರುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನನ್ನ ಮನಸ್ಸು ಮೈಸೂರಿನ ಕಡೆಗೇ ವಾಲುತ್ತದೆ. ಹೊಳೆಯದ ಜಾಗ ಹೆಚ್ಚಿದ್ದಾಗಲೇ ಹೊಳೆಯುವುದಕ್ಕೆ ಬೆಲೆ.

ಇದನ್ನು ಬೀದರಿನ ಬಿದ್ರಿ ಕುಶಲಕರ್ಮಿಗಳಷ್ಟು ಚೆನ್ನಾಗಿ ಅರಿತವರು ಬೇರೆ ಇಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದು, ಬೆಳ್ಳಿಯ ತಂತಿಯನ್ನು ಕೊರೆದ ಗೆರೆಯೊಳಗೆ ಬಡಿದು ಕೂರಿಸುತ್ತಾರೆ. ಆ ಹಂತದಲ್ಲಿ ಲೋಹವೂ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ ಬಣ್ಣ, ಕಸುಬು ಕಾಣುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರವೆಂಬ ಲವಣ ಬೆರೆಸಿದ ನೀರು ತಾಗಿಸಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಹೂಜಿಯ ಮೇಲಿನ ಬಳ್ಳಿ ಒಮ್ಮೆಗೇ ಎದ್ದು ಬರುತ್ತದೆ. ಬೆಳ್ಳಿಯನ್ನು ಅವರು ಹೆಚ್ಚು ಉಜ್ಜಲಿಲ್ಲ, ಸುತ್ತಲಿನದನ್ನು ಕಪ್ಪು ಮಾಡಿದರು ಅಷ್ಟೆ. ನನ್ನ ಫಲಕಗಳ ಹಿನ್ನೆಲೆ ಯಾಕೆ ಯಾವಾಗಲೂ ಮಸಿಯಷ್ಟು ಕಪ್ಪು ಎಂದು ಕೇಳುವವರಿಗೆ ಉತ್ತರ ಬೀದರಿನಲ್ಲಿದೆ.

ಹರಳಿನ ಕಡೆಗೆ ನನ್ನನ್ನು ಎಳೆದದ್ದು ಮಾತ್ರ ತೋಟ. ಮಳೆಗಾಲ ಶುರುವಾಗುವ ಮುನ್ನ ಅಡಿಕೆಗೆ ಕೊಳೆ ಬರದಂತೆ ಬೋರ್ಡೋ ದ್ರಾವಣ ಹೊಡೆಸುವುದು ಮಲೆನಾಡಿನ ಮನೆಮನೆಯ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಸಿಸಿ ಈ ದ್ರಾವಣವನ್ನು ರೈತರಿಗೆ ಸೂಚಿಸಿದಂದಿನಿಂದ, ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ಹಳೆಯ ಪದ್ಧತಿಯ ಜೊತೆಗೆ ಇದೂ ನಮ್ಮದಾಗಿದೆ. ಮೈಲುತುತ್ತ ಕರಗಿಸಿದ ಡ್ರಮ್ಮಿನ ತಳದಲ್ಲಿ ಉಳಿದ ನೀರು ಆರಿದಾಗ ನೀಲಿ ಹರಳುಗಳು ಕೂರುತ್ತವೆ. ಚಿಕ್ಕಂದಿನಿಂದ ನೋಡಿದ ನೀಲಿ ಅದು. ಬಣ್ಣದ ಟ್ಯೂಬಿನಿಂದ ಆ ನೀಲಿಯನ್ನು ಹೊರತೆಗೆಯಲು ನಾನು ಬಹಳ ಕಾಲ ಹೆಣಗಿದ್ದೇನೆ, ಬರಲಿಲ್ಲ. ಬಣ್ಣ ಮೇಲ್ಮೈಯಲ್ಲಿರುತ್ತದೆ, ಹರಳಿನ ನೀಲಿ ಒಳಗಿರುತ್ತದೆ. ದಪ್ಪವಿದ್ದಲ್ಲಿ ಗಾಢ, ಅಂಚಿನಲ್ಲಿ ತಿಳಿ.

ಕಲಿಯುವವರು ಪಟಿಕದಿಂದ ಶುರುಮಾಡಲಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಕೈಗೆ ಅಪಾಯವಿಲ್ಲ, ಸ್ವಭಾವವೂ ಸಾಧು. 20 ಡಿಗ್ರಿಯ 100 ಗ್ರಾಂ ನೀರು ಸುಮಾರು 11 ಗ್ರಾಂ ಪಟಿಕವನ್ನಷ್ಟೇ ಕರಗಿಸಿಕೊಳ್ಳುತ್ತದೆ. 60 ಡಿಗ್ರಿಗೆ ಕಾಯಿಸಿದರೆ 57 ಗ್ರಾಂ ಹಿಡಿಯುತ್ತದೆ. ಆರುವಾಗ ಈ ಹೆಚ್ಚುವರಿಯೆಲ್ಲ ಹೊರಬರಲೇಬೇಕು, ಅದೇ ಹರಳು. ಅಡುಗೆ ಉಪ್ಪಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬಿಸಿನೀರೂ ತಣ್ಣೀರೂ ಹೆಚ್ಚುಕಡಿಮೆ ಅಷ್ಟೇ ಉಪ್ಪನ್ನು ಕರಗಿಸುವುದರಿಂದ, ಉಪ್ಪಿನ ಹರಳು ಬೇಕಾದವರು ನೀರು ಆವಿಯಾಗಿ ಹೋಗುವವರೆಗೆ ಕಾಯಬೇಕು.

ಬೇಗ ಆರಿಸಿದರೆ ಸಾವಿರ ಹರಳು ಒಟ್ಟಿಗೆ ಹುಟ್ಟಿ ಎಲ್ಲವೂ ಸಕ್ಕರೆಯಷ್ಟೇ ಆಗಿ ನಿಲ್ಲುತ್ತವೆ. ನಿಧಾನವಾಗಿ ಆರಿದರೆ ಕೆಲವೇ ಹುಟ್ಟಿ ದೊಡ್ಡದಾಗುತ್ತವೆ. ಹಾಗಾಗಿ ನನ್ನ ಪಾತ್ರೆ ಥರ್ಮಾಕೋಲ್ ಪೆಟ್ಟಿಗೆಯೊಳಗೆ ಕೂರುತ್ತದೆ, ಬಾಯಿಗೆ ತೆಳು ಬಟ್ಟೆ. ಧೂಳಿನ ಒಂದು ಕಣ ಬಿದ್ದರೂ ಅದರ ಸುತ್ತ ಬೇಡದ ಹರಳು ಶುರುವಾಗುತ್ತದೆ. ಮೊದಲ ಸುತ್ತಿನಲ್ಲಿ ತಳದಲ್ಲಿ ಕೂತ ಹರಳುಗಳಲ್ಲಿ ಅಂಚು ಸರಿಯಿರುವ ಒಂದನ್ನು ಆರಿಸಿ, ನೈಲಾನ್ ದಾರದಲ್ಲಿ ಕಟ್ಟಿ, ಹೊಸ ದ್ರಾವಣದ ನಡುವೆ ಇಳಿಬಿಡುತ್ತೇನೆ. ಹತ್ತಿಯ ದಾರ ಬೇಡ, ಅದರ ಎಳೆಎಳೆಗೂ ಹರಳು ಹತ್ತುತ್ತದೆ. ತಳದಲ್ಲೇ ಬಿಟ್ಟ ಹರಳಿನ ಕೆಳಗಿನ ಮುಖಕ್ಕೆ ದ್ರಾವಣ ಮುಟ್ಟದೆ ಅದು ಬಿಲ್ಲೆಯಂತೆ ಚಪ್ಪಟೆಯಾಗುತ್ತದೆ; ತೂಗಿದ್ದು ಮಾತ್ರ ಎಲ್ಲ ಕಡೆಗೂ ಸಮವಾಗಿ ಬೆಳೆಯುತ್ತದೆ. ಬೀಜದ ಹರಳನ್ನು ಇಳಿಸುವ ಮುನ್ನ ಒಂದು ಚೂರನ್ನು ಹಾಕಿ ಕಾಯುವುದು ನನ್ನ ರೂಢಿ. ಅದು ಕರಗಿದರೆ ದ್ರಾವಣ ಇನ್ನೂ ಹಸಿದಿದೆ, ನಮ್ಮ ಹರಳನ್ನೂ ತಿನ್ನುತ್ತದೆ.

ಪಟಿಕ ಎಂಟು ಮುಖವನ್ನೇ ಆರಿಸಿಕೊಳ್ಳಲು ಕಾರಣವನ್ನು ತಿಳಿದ ಮೇಲೆ ನನಗೆ ಹರಳಿನ ಮೇಲಿನ ಗೌರವ ಹೆಚ್ಚಾಯಿತು. ಬೇಗ ಬೆಳೆಯುವ ಮುಖ ಮುಂದೆ ನುಗ್ಗುತ್ತಾ ಕಿರಿದಾಗಿ, ಕೊನೆಗೆ ಒಂದು ಮೂಲೆಯಾಗಿ ಮುಗಿದುಹೋಗುತ್ತದೆ. ನಿಧಾನವಾಗಿ ಬೆಳೆಯುವ ಮುಖಗಳೇ ಅಗಲವಾಗಿ ಉಳಿಯುತ್ತವೆ. ನಾವು ಮೆಚ್ಚಿ ನೋಡುವ ಆ ನುಣುಪು ತ್ರಿಕೋನಗಳೆಲ್ಲ ಸೋಮಾರಿ ಮುಖಗಳು. ದ್ರಾವಣಕ್ಕೆ ಚಿಟಿಕೆ ಸೋಡ ಸೇರಿಸಿದರೆ ಈ ಓಟದ ವೇಗ ಬದಲಾಗಿ, ಮೂಲೆಗಳನ್ನು ಕತ್ತರಿಸಿದಂತೆ ಚೌಕ ಮುಖಗಳು ಮೂಡತೊಡಗುತ್ತವೆ. ಶಿಲ್ಪಿಗೆ ಉಳಿ ಇದ್ದಂತೆ ನಮಗೆ ಈ ಚಿಟಿಕೆ ಎನ್ನಬಹುದೇನೋ, ಆದರೆ ಉಳಿಯಷ್ಟು ಮಾತು ಕೇಳುವುದಿಲ್ಲ.

ಮೈಲುತುತ್ತದ ಗುಣ ಬೇರೆ. ಅದರ ಹರಳಿನಲ್ಲಿ ಲಂಬಕೋನವೇ ಇಲ್ಲ. ಎಲ್ಲವೂ ಓರೆ, ಎಲ್ಲ ಮುಖವೂ ಜಾರಿದ ಚತುರ್ಭುಜ. ಪಟಿಕದ ಶಿಸ್ತಿನ ಪಕ್ಕದಲ್ಲಿ ಈ ಓರೆತನ ನನಗೆ ಇಷ್ಟ. ಆದರೆ ಇದು ವಿಷ. ಕೈಗವಸು, ಕಣ್ಣಿಗೆ ಕನ್ನಡಕ, ಮಕ್ಕಳಿಗೆ ಎಟುಕದ ಜಾಗ. ಇದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಕೂಡದು. ಪಾತ್ರೆ ಗಾಜಿನದೋ ಪ್ಲಾಸ್ಟಿಕ್ಕಿನದೋ ಆಗಿರಬೇಕು. ಬೋರ್ಡೋ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ: ಸುಣ್ಣ ಸಾಕಾಯಿತೇ ಎಂದು ನೋಡಲು ಹೊಳೆಯುವ ಕತ್ತಿಯ ಅಲಗನ್ನು ಅದ್ದುತ್ತಾರೆ, ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಕಡಿಮೆ ಎಂದರ್ಥ. ಆ ಕೆಂಪು ತಾಮ್ರ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಅದೇ ಗತಿ.

ಫಲಕಕ್ಕೆ ನಾನು ಬಳಸುವುದು ಅಡಿಕೆ ಹಾಳೆ. ತೋಟದಲ್ಲಿ ಬಿದ್ದದ್ದನ್ನು ತೊಳೆದು, ನೆನೆಸಿ, ಭಾರ ಹೇರಿ ಒಣಗಿಸಿ, ಕಪ್ಪು ಬಳಿದು, ಹರಳು ಬೇಕಾದ ಜಾಗಕ್ಕೆ ಮಾತ್ರ ಅಂಟು ಹಚ್ಚಿ ಸಣ್ಣ ಹರಳಿನ ಪುಡಿ ಉದುರಿಸುತ್ತೇನೆ. ಅದು ಪೂರ್ತಿ ಒಣಗಿದ ಮೇಲೆ ಉಗುರುಬೆಚ್ಚಗಾದ ದ್ರಾವಣಕ್ಕೆ ಇಳಿಸುವುದು. ದ್ರಾವಣ ಬಿಸಿಯಿದ್ದರೆ ಉದುರಿಸಿದ ಬೀಜವೆಲ್ಲ ಕರಗಿ ಬರೀ ಹಾಳೆ ಹೊರಬರುತ್ತದೆ. ಮೈಲುತುತ್ತದ ದ್ರಾವಣಕ್ಕೆ ಇನ್ನೊಂದು ಕೆಟ್ಟ ಚಟವಿದೆ: ಪಾತ್ರೆಯ ಗೋಡೆ ಹತ್ತಿ, ಅಂಚು ದಾಟಿ, ಹೊರಗೆ ಹರಡಿ ಒಣಗುತ್ತದೆ. ಅಂಚಿಗೆ ವ್ಯಾಸಲೀನ್ ಸವರಿದರೆ ಅಲ್ಲೇ ನಿಲ್ಲುತ್ತದೆ.

ಬೆಳೆಸುವುದು ಅರ್ಧ ಕೆಲಸ, ಉಳಿದರ್ಧ ದೀಪ. ಟ್ಯೂಬ್‌ಲೈಟಿನ ಕೆಳಗೆ ನನ್ನ ಯಾವ ಫಲಕವೂ ನೋಡುವಂತಿರುವುದಿಲ್ಲ. ಉದ್ದನೆಯ ಬೆಳಕು ಎಲ್ಲ ಮುಖಗಳನ್ನೂ ಸ್ವಲ್ಪಸ್ವಲ್ಪ ಬೆಳಗಿಸಿ, ಎಲ್ಲವನ್ನೂ ಮಬ್ಬು ಮಾಡುತ್ತದೆ. ಬೆಳಕಿನ ಮೂಲ ಚಿಕ್ಕದಿರಬೇಕು, ಒಂದೇ ಇರಬೇಕು, ಓರೆಯಲ್ಲಿರಬೇಕು. ಆಗ ಯಾವ ಮುಖ ದೀಪಕ್ಕೂ ಕಣ್ಣಿಗೂ ಸರಿಯಾದ ಕೋನದಲ್ಲಿದೆಯೋ ಅದಷ್ಟೇ ಮಿಂಚಿ, ಪಕ್ಕದ್ದು ಕಪ್ಪಾಗಿರುತ್ತದೆ. ಒಂದು ಹೆಜ್ಜೆ ಸರಿದರೆ ಅದು ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ ಚೂರುಗಳು ಅಷ್ಟು ಜೀವಂತವಾಗಿ ಕಾಣುವುದೂ ಹೀಗೆಯೇ: ಬಟ್ಟೆಯ ಮಡಿಕೆಯಲ್ಲಿ ಒಂದೊಂದು ಕನ್ನಡಿಯೂ ಒಂದೊಂದು ದಿಕ್ಕಿಗೆ ವಾಲಿರುತ್ತದೆ, ಉಟ್ಟವಳು ನಡೆದಾಗ ಮಿಂಚು ಜಾಗ ಬದಲಿಸುತ್ತದೆ. ಅದೇ ಬಟ್ಟೆಯನ್ನು ಗಾಜಿನ ಚೌಕಟ್ಟಿನೊಳಗೆ ಬಿಗಿದು ತೂಗುಹಾಕಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಫೋಟೊದಲ್ಲಿ ಹರಳು ಸಪ್ಪೆಯಾಗುವುದಕ್ಕೂ ಇಲ್ಲಿ ಉತ್ತರವಿದೆ. ನಮ್ಮ ಎರಡು ಕಣ್ಣುಗಳು ಎರಡು ಜಾಗದಲ್ಲಿವೆ. ಎಡಗಣ್ಣಿಗೆ ಮಿಂಚಿದ ಮುಖ ಬಲಗಣ್ಣಿಗೆ ಮಿಂಚಿರುವುದಿಲ್ಲ. ಆ ಹೊಂದದಿರುವಿಕೆಯನ್ನೇ ಮಿದುಳು ಹೊಳಪು ಎಂದು ಓದುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು, ಅದರಲ್ಲಿ ಮಿಂಚು ಬರೀ ಬಿಳಿ ಚುಕ್ಕೆ. ಫೋಟೊ ನೋಡಿ ಫಲಕ ಕೊಳ್ಳುತ್ತೇನೆ ಎನ್ನುವವರಿಗೆ ನಾನು ವಿಡಿಯೊ ಕಳಿಸುತ್ತೇನೆ, ಕೈಯಲ್ಲಿ ಮೊಬೈಲ್ ಹಿಡಿದು ಪಕ್ಕಕ್ಕೆ ನಡೆಯುತ್ತಾ ತೆಗೆದದ್ದು.

ಬ್ರಿಟನ್ನಿನ ಕಲಾವಿದ ರೋಜರ್ ಹಯಾರ್ನ್ಸ್ 2008ರಲ್ಲಿ ಲಂಡನ್ನಿನ ಒಂದು ಖಾಲಿ ಫ್ಲ್ಯಾಟಿನೊಳಗೆ 75,000 ಲೀಟರ್ ಮೈಲುತುತ್ತದ ದ್ರಾವಣ ತುಂಬಿಸಿ, ಕೆಲವು ವಾರಗಳ ನಂತರ ಉಳಿದ ನೀರನ್ನು ಹೊರತೆಗೆದ. ಗೋಡೆ, ಚಾವಣಿ, ಸ್ನಾನದ ತೊಟ್ಟಿ ಎಲ್ಲವೂ ನೀಲಿ ಹರಳಿನಿಂದ ಮುಚ್ಚಿಹೋಗಿದ್ದವು. 2013ರಲ್ಲಿ ಅದನ್ನು ಯಾರ್ಕ್‌ಶೈರಿನ ಶಿಲ್ಪೋದ್ಯಾನಕ್ಕೆ ಸಾಗಿಸಿದರು. ನಾನು ಚಿತ್ರಗಳಲ್ಲಿ ಮಾತ್ರ ನೋಡಿದ್ದೇನೆ, ಅಂದರೆ ನನ್ನದೇ ಮಾತಿನ ಪ್ರಕಾರ ನೋಡಿಲ್ಲ. ಆದರೂ ಅಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ: ಕಲಾವಿದ ಪಾತ್ರೆ ಸಿದ್ಧಮಾಡಿ ಬಾಗಿಲು ಮುಚ್ಚಿದ, ಆಕಾರ ಕೊಟ್ಟದ್ದು ದ್ರಾವಣ. ಇತ್ತೀಚೆಗೆ ಎಲ್ಲೆಲ್ಲೂ ಕಾಣುವ, ರೆಸಿನ್ನಿಗೆ ಮಿನುಗು ಪುಡಿ ಬೆರೆಸಿ ಸುರಿದ ಗೋಡೆ ಗಡಿಯಾರಗಳಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಹೊಳಪು ಎಲ್ಲ ಕಡೆಗೂ ಸಮವಾಗಿ ಹಂಚಿಹೋಗಿ ಕಣ್ಣಿಗೆ ನಿಲ್ಲಲು ಒಂದು ಅಂಚೂ ಸಿಗುವುದಿಲ್ಲ.

ಮುಗಿದ ಫಲಕ ಹಾಗೇ ಬಾಳುವುದಿಲ್ಲ. ಪಟಿಕದ ಹರಳಿನ ತೂಕದಲ್ಲಿ ಶೇ 45ರಷ್ಟು ಬರೀ ನೀರು, ಮೈಲುತುತ್ತದಲ್ಲಿ ಶೇ 36. ಮೈಲುತುತ್ತ ನೀಲಿಯಾಗಿರುವುದೇ ಆ ನೀರಿನಿಂದ. ಕಾಯಿಸಿ ನೀರು ಓಡಿಸಿದರೆ ಬಿಳಿ ಪುಡಿ. ನಮ್ಮ ಮಳೆಗಾಲದಲ್ಲಿ ಚಿಂತೆಯಿಲ್ಲ, ಒಣಹವೆಯ ಊರಿಗೆ ಹೋದ ಫಲಕದ ಅಂಚುಗಳು ಬೇಸಿಗೆಯಲ್ಲಿ ಬೆಳ್ಳಗಾಗತೊಡಗುತ್ತವೆ. ಅದಕ್ಕೆ ಪಾರದರ್ಶಕ ಲ್ಯಾಕರ್ ಸಿಂಪಡಿಸುತ್ತೇನೆ, ತೆಳುವಾಗಿ. ದಪ್ಪ ಲೇಪ ಅಂಚುಗಳನ್ನು ಮೊಂಡು ಮಾಡುತ್ತದೆ. ನೀರು ಬೆರೆಯುವ ವಾರ್ನಿಷ್ ಹಚ್ಚಿದರೆ ಹರಳೇ ಕರಗುತ್ತದೆ. ಬಿಡಿ ಹರಳನ್ನು ಬಿಸಿ ಅಂಟಿನ ಗನ್ನಿನಿಂದ ಅಂಟಿಸುವುದೂ ಬೇಡ: ಪಟಿಕ 92 ಡಿಗ್ರಿಯ ಆಸುಪಾಸಿನಲ್ಲಿ ತನ್ನ ನೀರಿನಲ್ಲಿ ತಾನೇ ಕರಗಿ ಅಂಟಿದ ಮುಖ ಮಸುಕಾಗುತ್ತದೆ.

ಉಳಿದ ನೀಲಿ ದ್ರಾವಣವನ್ನು ಚರಂಡಿಗೋ ಕೆರೆಗೋ ಸುರಿಯಬಾರದು, ಮೀನು ಸಾಯುತ್ತದೆ. ನಾನು ಅಗಲ ಟ್ರೇಗಳಲ್ಲಿ ಹರಡಿ ಒಣಗಿಸುತ್ತೇನೆ. ಉಳಿಯುವ ಹರಳಿನ ಹೆಚ್ಚು ಪಾಲು ಮುಂದಿನ ಫಲಕಕ್ಕೆ. ಕಸ ಸೇರಿದ್ದನ್ನು ತೂಗಿ ಕಟ್ಟಿಡುತ್ತೇನೆ. ಬೋರ್ಡೋ ಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿದು ಅಷ್ಟು ಕಡಿಮೆ ಮೈಲುತುತ್ತ ತರಿಸುತ್ತೇವೆ.