ಜಪಾನಿನ ಸ್ನೇಹಿತರ ಮನೆಯಲ್ಲಿ ಉಳಿಯುವಾಗ: ಊಟ, ಉಪಚಾರ ಮತ್ತು ಮೊದಲೇ ಆಡಬೇಕಾದ ಮಾತು

ಜಪಾನಿನಲ್ಲಿ ಸ್ನೇಹಿತರ ಮನೆಯಲ್ಲಿ ಕೆಲವು ದಿನ ಉಳಿಯುವ ಅವಕಾಶ ಒದಗಿದರೆ, ಹೊರಡುವ ಮೊದಲೇ ಇತ್ಯರ್ಥವಾಗಬೇಕಾದದ್ದು ಊಟದ ವಿಷಯ. ಹೋಟೆಲಿನಲ್ಲಾದರೆ ಒಗ್ಗದ್ದನ್ನು ಬದಿಗಿಟ್ಟು ಬೇರೆಯದನ್ನು ತರಿಸಿಕೊಳ್ಳಬಹುದು. ಮನೆಯಲ್ಲಿ ಮಾತ್ರ ಅತಿಥಿಗೆಂದೇ ಸಾಮಾನು ತಂದು ಮಾಡಿದ ಅಡುಗೆ ಎದುರಿಗಿರುತ್ತದೆ. ಆಗ ಬಾಯಿಬಿಟ್ಟು ಹೇಳಿದರೆ ಮಾಡಿದವರಿಗೆ ನೋವು, ಹೇಳದಿದ್ದರೆ ನಮಗೆ ಸಂಕಟ.

ಸಸ್ಯಾಹಾರಿಗಳು ತಾವು ಸಸ್ಯಾಹಾರಿಗಳೆಂದು ತಿಳಿಸಿ ಸುಮ್ಮನಾದರೆ ಸಾಲದು. ಜಪಾನಿನ ಅಡುಗೆಯ ಬುನಾದಿಯಾದ ದಾಶಿ ಎಂಬ ಸಾರವನ್ನು ಸಾಮಾನ್ಯವಾಗಿ ಕೊಂಬು ಎಂಬ ಒಣ ಕಡಲಪಾಚಿಯಿಂದಲೂ ಕತ್ಸುವೊಬುಶಿ ಎಂಬ, ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತೆಳುವಾದ ಚಕ್ಕೆಗಳಿಂದಲೂ ತಯಾರಿಸುತ್ತಾರೆ. ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸೂಪ್, ಬೇಯಿಸಿದ ತರಕಾರಿ, ಸೋಬಾ ನೂಡಲ್ಸ್ ಅದ್ದಿಕೊಳ್ಳುವ ರಸ, ತೆಂಪುರ ಎಂಬ, ಹಿಟ್ಟಿನಲ್ಲಿ ಅದ್ದಿ ಕರಿದ ಪದಾರ್ಥದ ಜೊತೆಗಿಡುವ ರಸ, ಹೀಗೆ ಕಣ್ಣಿಗೆ ಮೀನು ಕಾಣಿಸದ ಹತ್ತಾರು ಪದಾರ್ಥಗಳಲ್ಲಿ ಅದು ಸೇರಿರುತ್ತದೆ. ಇನ್ನೊಂದು ತೊಡಕೆಂದರೆ ಕರಿ ಎಂಬ ಮಸಾಲೆಯ ಗೊಜ್ಜು: ಭಾರತದಿಂದ ಬಂದವರಿಗೆ ಹಿತವಾಗಲೆಂದು ಪ್ರೀತಿಯಿಂದ ಜಪಾನೀ ಶೈಲಿಯ ಕರಿ ಮಾಡಿಬಿಡುವ ಮನೆಗಳುಂಟು, ಆದರೆ ಅದಕ್ಕೆ ಬಳಸುವ ಸಿದ್ಧ ಮಸಾಲೆಯ ಗಟ್ಟಿಗಳಲ್ಲಿ ಅನೇಕವು ದನದ ಇಲ್ಲವೆ ಹಂದಿಯ ಕೊಬ್ಬಿನಿಂದ ಕೂಡಿರುತ್ತವೆ.

ಆದ್ದರಿಂದ ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ, ಹಾಲು, ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಒಂದೊಂದಾಗಿ ಬರೆದು ಕಳುಹಿಸಬೇಕು. ಕೊಂಬು ಮತ್ತು ಒಣ ಶಿಯಿತಾಕೆ ಅಣಬೆಯಿಂದ ಮಾಡಿದ ದಾಶಿ ಆಗುತ್ತದೆಂದು ಅದರೊಡನೆಯೇ ತಿಳಿಸಿದರೆ ಅಡುಗೆ ಮಾಡುವವರಿಗೆ ದಾರಿ ತೋರಿಸಿದಂತಾಗುತ್ತದೆ: ರಾತ್ರಿ ಎರಡನ್ನೂ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ನೀರು ಕುದಿ ಬರುವ ಮೊದಲೇ ಕೊಂಬನ್ನು ತೆಗೆದರೆ ಸಾರ ಸಿದ್ಧವಾಗುತ್ತದೆ. ಬೌದ್ಧ ಮಠಗಳ ಶೋಜಿನ್ ರ‍್ಯೋರಿ ಎಂಬ ಅಡುಗೆಯ ಹೆಸರು ಹೇಳಿದರೂ ಬೇಗ ಅರ್ಥವಾಗುತ್ತದೆ, ಏಕೆಂದರೆ ಅದರಲ್ಲಿ ಮಾಂಸ, ಮೀನುಗಳಿಗೆ ಎಡೆಯಿಲ್ಲ. ದಾಶಿಯ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದು ಅವರವರ ನಿರ್ಧಾರ. ಅದನ್ನು ಊಟಕ್ಕೆ ಕುಳಿತ ಮೇಲೆ ಮಾಡಿಕೊಳ್ಳಬಾರದೆಂಬುದಷ್ಟೇ ನನ್ನ ಅಭಿಪ್ರಾಯ.

ಸ್ನೇಹಿತರ ಭೇಟಿಗೆಂದು ವೀಸಾ ಕೇಳುವಾಗ ಕರೆಯುವವರ ಆಹ್ವಾನಪತ್ರ ಮತ್ತು ದಿನವಾರು ಕಾರ್ಯಕ್ರಮದ ಪಟ್ಟಿ ಬೇಕಾಗುತ್ತದೆ. ಖರ್ಚನ್ನು ಅವರೇ ವಹಿಸುವುದಾದರೆ ಅವರ ಖಾತರಿ ಪತ್ರವೂ ಬೇಕು. ಉಡುಗೊರೆಗೆ ಬಿಡಿಬಿಡಿಯಾಗಿ ಕಟ್ಟಿದ ಬಿಸ್ಕತ್ತು, ಚಹಾ, ಹುರಿದು ಪುಡಿಮಾಡಿದ ಕಾಫಿ ಸೂಕ್ತ. ಮಾಂಸದ ಪದಾರ್ಥಗಳನ್ನು ಒಯ್ಯಬಾರದು, ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಹಣ್ಣು, ತರಕಾರಿ, ಕರಿಬೇವುಗಳನ್ನೂ ಒಯ್ಯುವಂತಿಲ್ಲ.

ಮನೆಯ ಬಾಗಿಲೊಳಗಿನ ಗೆಂಕಾನ್ ಎಂಬ ತಗ್ಗಿನ ಜಾಗದಲ್ಲಿ ಚಪ್ಪಲಿ ಬಿಟ್ಟು, ಅದರ ತುದಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು ಮೇಲೆ ಹತ್ತಬೇಕು. ಒಳಗೆ ತೊಡಲು ಕೊಟ್ಟ ಸ್ಲಿಪ್ಪರನ್ನು ತತಾಮಿ ಚಾಪೆಯ ಕೋಣೆಯ ಹೊರಗೇ ಬಿಡಬೇಕು. ಶೌಚಾಲಯದ ಸ್ಲಿಪ್ಪರ್ ಬೇರೆ ಇದ್ದರೆ ಅದು ಅಲ್ಲಿಗೇ ಮೀಸಲು. ಸ್ನಾನದ ತೊಟ್ಟಿಯ ಬಿಸಿನೀರನ್ನು ಮನೆಯವರೆಲ್ಲರೂ ಒಬ್ಬರಾದ ಮೇಲೊಬ್ಬರು ಬಳಸುವುದರಿಂದ, ಹೊರಗೆ ಕುಳಿತು ಸೋಪು ಹಚ್ಚಿ ಮೈ ಪೂರ್ತಿ ತೊಳೆದುಕೊಂಡ ಬಳಿಕವೇ ಅದರಲ್ಲಿ ಇಳಿಯಬೇಕು ಮತ್ತು ಎದ್ದು ಬರುವಾಗ ನೀರನ್ನು ಖಾಲಿ ಮಾಡಬಾರದು. ಅತಿಥಿಗೆ ಮೊದಲ ಸರದಿ ಕೊಡುವುದು ವಾಡಿಕೆಯಾದ್ದರಿಂದ ಈ ತಪ್ಪು ಆದರೆ ಮನೆಮಂದಿಗೆಲ್ಲ ತೊಂದರೆ.

ಊಟಕ್ಕೆ ಕುಳಿತಾಗ ಕೈಜೋಡಿಸಿ ‘ಇತದಾಕಿಮಾಸ್’ ಎಂದೂ ಮುಗಿದಾಗ ‘ಗೊಚಿಸೋಸಾಮ ದೆಶಿತಾ’ ಎಂದೂ ಹೇಳುತ್ತಾರೆ. ಬೇರೆ ಜಪಾನೀ ಮಾತು ಬಾರದಿದ್ದರೂ ಇವೆರಡನ್ನು ಕಲಿತು ಹೋಗಬೇಕು. ಅನ್ನದ ಬಟ್ಟಲು ಎಡಕ್ಕೆ, ಸೂಪು ಬಲಕ್ಕೆ ಇರುತ್ತದೆ. ಬಟ್ಟಲನ್ನು ಕೈಗೆತ್ತಿಕೊಂಡು ತಿನ್ನುವುದೇ ಸರಿಯಾದ ಕ್ರಮ, ಮಿಸೊ ಸೂಪನ್ನು ಬಟ್ಟಲಿನಿಂದಲೇ ಕುಡಿದು ಅದರೊಳಗಿನ ತೋಫು, ಕಡಲಪಾಚಿಗಳನ್ನು ಚಾಪ್‌ಸ್ಟಿಕ್ಕಿನಿಂದ ಎತ್ತಿಕೊಳ್ಳಬೇಕು. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸುವುದು ಸತ್ತವರಿಗೆ ಎಡೆಯಿಡುವ ರೀತಿ. ಒಬ್ಬರ ಚಾಪ್‌ಸ್ಟಿಕ್ಕಿನಿಂದ ಇನ್ನೊಬ್ಬರ ಚಾಪ್‌ಸ್ಟಿಕ್ಕಿಗೆ ತುತ್ತು ದಾಟಿಸುವುದು ದಹನದ ನಂತರ ಅಸ್ಥಿಯನ್ನು ಎತ್ತುವ ರೀತಿ. ಇವೆರಡನ್ನು ಖಂಡಿತ ಮಾಡಬಾರದು, ಉಳಿದ ಸಣ್ಣಪುಟ್ಟ ತಪ್ಪುಗಳನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಬಿಳಿ ಅನ್ನದ ಮೇಲೆ ಸೋಯಾ ಸಾಸ್ ಸುರಿದುಕೊಳ್ಳುವುದು ಅಲ್ಲಿಯ ಪದ್ಧತಿಯಲ್ಲ. ನೂಡಲ್ಸನ್ನು ಸದ್ದು ಮಾಡಿ ಹೀರಬಹುದು, ಬಿಸಿಯಾದದ್ದನ್ನು ತಿನ್ನಲು ಅದೇ ಅನುಕೂಲವೂ ಹೌದು.

ಹುದುಗಿಸಿದ ಸೋಯಾ ಕಾಳಾದ ನತ್ತೊ ಪೂರ್ತಿ ಸಸ್ಯಜನ್ಯವಾದರೂ ಅದರ ಕಟು ವಾಸನೆಗೂ ಅಂಟಿನ ಎಳೆಗಳಿಗೂ ಹೊಸಬರು ಹಿಂಜರಿಯುತ್ತಾರೆ. ಚೆನ್ನಾಗಿ ಕಲಕಿ, ಸಾಸಿವೆಯನ್ನೂ ಸೋಯಾ ಸಾಸನ್ನೂ ಬೆರೆಸಿ, ಬಿಸಿ ಅನ್ನದ ಮೇಲೆ ಹಾಕಿಕೊಂಡು ಒಂದು ತುತ್ತು ನೋಡಬೇಕು. ಪೊಟ್ಟಣದೊಳಗಿನ ಸಿದ್ಧ ಸಾಸಿನಲ್ಲಿ ಸಾಮಾನ್ಯವಾಗಿ ಮೀನಿನ ಸತ್ವ ಇರುವುದರಿಂದ ಸಸ್ಯಾಹಾರಿಗಳು ಅದನ್ನು ಬಿಟ್ಟು ಬರಿಯ ಸೋಯಾ ಸಾಸ್ ಬಳಸುವುದು ಲೇಸು. ಒಗ್ಗದಿದ್ದರೆ ನಗುತ್ತಲೇ ಸಾಕೆನ್ನಬಹುದು: ಕ್ಯೋತೊ, ಒಸಾಕಾ ಕಡೆಯವರಲ್ಲೇ ನತ್ತೊ ಸೇರದವರು ಸಾಕಷ್ಟಿದ್ದಾರೆ. ಊರಿಂದೂರಿಗೆ ರುಚಿ ಹೇಗೆ ಬದಲಾಗುತ್ತದೆಂದು ಮನೆಯ ಹಿರಿಯರನ್ನು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ನಗೋಯಾದ ಕಡುಗೆಂಪು ಮಿಸೊಗೂ ಕ್ಯೋತೊದ ಸಿಹಿಯಾದ ಬಿಳಿ ಮಿಸೊಗೂ ಇರುವ ಅಂತರ ಒಂದು ಸಂಜೆಯ ಚರ್ಚೆಗೆ ಸಾಕು.

ಒಂದು ಹೊತ್ತಿನ ಅಡುಗೆಯನ್ನು ತಾವು ಮಾಡುವುದಾಗಿ ಹೇಳುವುದು ಒಳ್ಳೆಯದು, ಆದರೆ ದಿನವನ್ನು ಮನೆಯವರೇ ಗೊತ್ತುಮಾಡಲಿ. ತೋಕಿಯೊದಲ್ಲಾದರೆ ಬೇಳೆ, ಮಸಾಲೆಗಳು ಶಿನ್‌ ಓಕುಬೊ ಮತ್ತು ನಿಶಿ ಕಸಾಯ್ ಬಡಾವಣೆಗಳಲ್ಲಿ ದೊರೆಯುತ್ತವೆ. ಒಗ್ಗರಣೆಗೆ ಮೊದಲು ಫ್ಯಾನ್ ಹಾಕಬೇಕು, ಖಾರವನ್ನು ಬೇರೆಯಾಗಿ ಬಡಿಸಬೇಕು. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಪಾತ್ರೆ ಸಾಮಾನ್ಯವಾಗಿ ಕಾಯುವುದಿಲ್ಲ. ಅಡುಗೆ ಮುಗಿದ ಮೇಲೆ ಪ್ಲಾಸ್ಟಿಕ್, ಬಾಟಲಿ, ಹಸಿಕಸಗಳನ್ನು ಎಲ್ಲಿ ಹಾಕಬೇಕೆಂದು ಕೇಳಿಯೇ ಹಾಕಬೇಕು, ಏಕೆಂದರೆ ವಿಂಗಡಣೆಯ ನಿಯಮ ಒಂದೊಂದು ನಗರಸಭೆಯದು ಒಂದೊಂದು ಬಗೆ.

ಊರಿಗೆ ಮರಳಿದ ಕೂಡಲೇ ಸ್ನೇಹಿತನಿಗಲ್ಲದೆ ಅಡುಗೆ ಮಾಡಿ ಬಡಿಸಿದವರಿಗೇ ಪ್ರತ್ಯೇಕವಾಗಿ ಕೃತಜ್ಞತೆಯ ಪತ್ರವನ್ನೋ ಸಂದೇಶವನ್ನೋ ಕಳುಹಿಸಿ, ಅದರಲ್ಲಿ ಮೆಚ್ಚುಗೆಯಾದ ಒಂದೆರಡು ಪದಾರ್ಥಗಳ ಹೆಸರು ಹೇಳಿ, ಅವುಗಳನ್ನು ಮಾಡುವ ವಿಧಾನವನ್ನು ಕೇಳಬೇಕು.