ಮೊದಲು ಬಿಸಿನೀರು, ಆಮೇಲೆ ಕರ್ಮದ ಪಾಠ: ನನ್ನ ಅನುಭವ

ಕರ್ಮದ ಬಗ್ಗೆ ಇರುವ ಚೂಳಕಮ್ಮವಿಭಂಗ ಸುತ್ತವನ್ನು (ಸುತ್ತ ಅಂದರೆ ಬುದ್ಧನ ಉಪದೇಶ) ನಮ್ಮ ಬೌದ್ಧರ ಭಾನುವಾರದ ಕೂಟದಲ್ಲಿ ಮುಟ್ಟಬೇಡಿ ಅಂತ ನನಗೆ ಹೇಳಿದವರು ಬಹಳ ಜನ. ಹುಬ್ಬಳ್ಳಿಯ ಹಿರಿಯರು ಹೇಳಿದರು. ಗದಗಿನ ಗೆಳೆಯರು ಹೇಳಿದರು. ಹಾವೇರಿಯಲ್ಲಿ ಕೂಟ ನಡೆಸುವ ಮಾಸ್ತರೊಬ್ಬರು ಫೋನ್ ಮಾಡಿಯೇ ಹೇಳಿದರು. ಈಗ ಅದೇ ಸುತ್ತದ ಮೇಲೆ ನಾಲ್ಕು ವಾರದ ಪಾಠ ನಡೆಸುತ್ತಿದ್ದೇನೆ. ಯಾರೂ ನಡುವೆ ಬಿಟ್ಟು ಹೋಗುತ್ತಿಲ್ಲ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೂಟ ನಡೆಸುವವರಿಗೆ ತ್ರಿಶರಣ, ಪಂಚಶೀಲ, ನಿಕಾಯಗಳ, ಅಂದರೆ ಸುತ್ತಗಳ ಸಂಗ್ರಹಗಳ, ಪರಿಚಯ ಇದ್ದೇ ಇರುತ್ತದೆ. ಅದನ್ನೆಲ್ಲ ಬಿಟ್ಟುಬಿಡುತ್ತೇನೆ.

ತಕರಾರಿನ ಮೂಲ ಸುತ್ತದಲ್ಲೇ ಇದೆ. ಅದು ಮಜ್ಝಿಮ ನಿಕಾಯದ 135ನೇ ಸುತ್ತ. ಜೇತವನದಲ್ಲಿ ತೋದೆಯ್ಯನ ಮಗ ಸುಭ ಬಂದು ಕೇಳುತ್ತಾನೆ: ಒಬ್ಬರಿಗೆ ಆಯುಷ್ಯ ಕಡಿಮೆ, ಒಬ್ಬರಿಗೆ ಹೆಚ್ಚು, ಒಬ್ಬರು ಸದಾ ಕಾಯಿಲೆಯವರು, ಒಬ್ಬರು ಗಟ್ಟಿಮುಟ್ಟು, ಒಬ್ಬರು ಕುರೂಪಿ, ಒಬ್ಬರು ಚೆಲುವರು, ಯಾಕೆ? ಹೀಗೆ ಏಳು ಜೋಡಿ. ಕೈಯಿಂದ, ಹೆಂಟೆಯಿಂದ, ಬಡಿಗೆಯಿಂದ, ಕತ್ತಿಯಿಂದ ಜೀವಿಗಳನ್ನು ನೋಯಿಸಿದವರು ಮತ್ತೆ ಮನುಷ್ಯರಾಗಿ ಹುಟ್ಟಿದರೆ ರೋಗಿಗಳಾಗುತ್ತಾರೆ ಅಂತ ಬುದ್ಧ ಹೇಳುತ್ತಾನೆ. ಸಣ್ಣ ಮಾತಿಗೂ ಕೆರಳಿ ಸಿಟ್ಟು ತೋರಿಸುವವರು ಕುರೂಪಿಗಳಾಗುತ್ತಾರೆ ಅಂತಲೂ ಇದೆ.

ಹಿರಿಯರ ವಾದ ಸಣ್ಣದಲ್ಲ. ಬಡತನಕ್ಕೂ ಹುಟ್ಟಿಗೂ ಹಿಂದಿನ ಜನ್ಮವೇ ಕಾರಣ ಅಂದರೆ ಸಮಾಜ ತನ್ನ ಹೊಣೆಯಿಂದ ಜಾರಿಕೊಳ್ಳುತ್ತದೆ ಅಂತ ಬಾಬಾಸಾಹೇಬ ಅಂಬೇಡ್ಕರರು ಬರೆದಿದ್ದಾರೆ. 1956ರಲ್ಲಿ ನಾಗಪುರದಲ್ಲಿ ಅವರು ಬೌದ್ಧ ದೀಕ್ಷೆ ತೆಗೆದುಕೊಂಡದ್ದು ಈ ಹಣೆಬರಹದ ಲೆಕ್ಕದಿಂದ ಹೊರಗೆ ಬರುವುದಕ್ಕೂ ಹೌದು. ಹಾಗೆ ಹೊರಗೆ ಬಂದ ಜನರ ಮುಂದೆ ಮತ್ತೆ ಹೋದ ಜನ್ಮದ ಮಾತು ತೆಗೆಯುವುದೇ ಅಂತ ಹಿರಿಯರ ಪ್ರಶ್ನೆ.

ನೇರವಾಗಿ ಓದಿದರೆ ಏನಾಗುತ್ತದೆ ಅಂತ ನಾನೂ ಕಣ್ಣಾರೆ ಕಂಡಿದ್ದೇನೆ. ಮೊದಲ ಸಲ ಸುತ್ತವನ್ನು ಇದ್ದದ್ದು ಇದ್ದಹಾಗೆ ಓದಿಸಿದ್ದೆವು. ಕೂಟಕ್ಕೆ ಬರುವ ತಾಯಿಯೊಬ್ಬಳ ಮಗನಿಗೆ ಹುಟ್ಟಿನಿಂದ ಕಾಲು ಸ್ವಾಧೀನವಿಲ್ಲ. ಓದು ಮುಗಿದ ಕೂಡಲೇ ಆಕೆ ಎದ್ದು ನಿಂತು, “ಅಕ್ಕಾರ, ಹಂಗಾದ್ರ ನನ್ನ ಮಗಾ ಹೋದ ಜನ್ಮದಾಗ ಯಾರಿಗೆ ಬಡದು ಬಂದಾನ್ರೀ?” ಅಂದಳು. ಉಳಿದವರು ಆ ಹುಡುಗನ ಕಾಲು ನೋಡಿದರು. ತೊನ್ನು ಇದ್ದ ಒಬ್ಬ ಹುಡುಗಿ ಸೆರಗನ್ನು ಮುಂಗೈವರೆಗೆ ಎಳೆದುಕೊಂಡಳು. ಮುಂದಿನ ವಾರ ಅರ್ಧ ಜನ ಇಲ್ಲ.

ಸರಿ, ಹಿರಿಯರು ಹೇಳಿದಂತೆ ಸುತ್ತವನ್ನೇ ಬಿಟ್ಟು ನೋಡೋಣ ಅಂತ ಸುಮಾರು ಒಂದು ವರ್ಷ ಬಿಟ್ಟೆವು. ಅದೂ ಆಗಲಿಲ್ಲ. ನಾವು ಸುಮ್ಮನಿದ್ದರೆ ಜನರ ತಲೆಯಲ್ಲಿನ ಕರ್ಮ ಸುಮ್ಮನಿರುತ್ತದಾ? “ಪಡೆದು ಬಂದದ್ದು” ಅಂತ ಮನೆಯಲ್ಲಿ ದಿನಾ ಹೇಳುತ್ತಾರೆ. ನಮ್ಮ ಕೂಟದ ಒಂದು ಮನೆಯವರು ಮಗಳ ಚರ್ಮದ ಕಾಯಿಲೆಗೆ ಸರ್ಪದೋಷ ಅಂತ ನಂಬಿ ಶಾಂತಿ ಮಾಡಿಸಿದರು. ಸಂಘದ ಸಾಲ ತೆಗೆದು ಇಪ್ಪತ್ತು ಸಾವಿರದ ಹತ್ತಿರ ಕೊಟ್ಟಿದ್ದರು. ಆ ವರ್ಷ ನಾವು ಪಾಠ ಹೇಳಿದ್ದೆಲ್ಲ ಮೈತ್ರಿ, ಕರುಣೆ. ಆ ಮನೆಯವರಿಗೆ ಬೇಕಾಗಿದ್ದ ಮಾತನ್ನು ನಾವು ಹೇಳಿರಲೇ ಇಲ್ಲ.

ಆಮೇಲೆ ಫ್ಲೆಕ್ಸ್. ಏಳು ಜೋಡಿಯನ್ನು ಎಡಕ್ಕೆ ಮಾಡಿದ್ದು, ಬಲಕ್ಕೆ ಆಗುವುದು ಅಂತ ಪಟ್ಟಿ ಮಾಡಿ ಪ್ರಿಂಟ್ ಹಾಕಿಸಿದೆವು. ಸಾವಿರದ ಎಂಟುನೂರು ಖರ್ಚು. ಗೋಡೆಗೆ ಹಾಕಿದ ಮೇಲೆ ಅದು ಹೋಟೆಲಿನ ರೇಟ್ ಬೋರ್ಡಿನಂತೆ ಕಾಣಿಸಿತು. ಜನ ತಮ್ಮ ಕಾಯಿಲೆ ಹುಡುಕಿ, ಪಕ್ಕದಲ್ಲಿ ಬರೆದ ಪಾಪ ಓದಿಕೊಂಡರು. ಹೊರಗಿನಿಂದ ಒಬ್ಬ ವಿದ್ವಾಂಸರನ್ನೂ ಕರೆಸಿದೆವು. ಬಸ್ಸು, ಲಾಡ್ಜು, ಊಟ, ಕಾಣಿಕೆ ಎಲ್ಲ ಸೇರಿ ಆರು ಸಾವಿರ ದಾಟಿತು. ಅವರ ಪಾಂಡಿತ್ಯದ ಬಗ್ಗೆ ಎರಡು ಮಾತಿಲ್ಲ, ಆದರೆ ಮೂರು ತಾಸು ಪಾಳಿ ಗಾಥೆಗಳು. ಹೆಂಗಸರು ನೀರು ಬರುವ ಹೊತ್ತಾಯಿತು ಅಂತ ಒಬ್ಬೊಬ್ಬರೇ ಎದ್ದರು. ಹಾಲ್ ಬಾಡಿಗೆ ವಾರಕ್ಕೆ ಮುನ್ನೂರು ಬೇರೆ. ಎಲ್ಲ ಕೂಡಿಸಿದರೆ ಪಾಠ ಹಿಡಿತಕ್ಕೆ ಬರುವ ಹೊತ್ತಿಗೆ ನನ್ನ ಕೈಯಿಂದ ಇಪ್ಪತ್ತೈದು ಸಾವಿರವಾದರೂ ಹೋಗಿರಬೇಕು. ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡು. ಅದಕ್ಕೆ ಬೇಜಾರಿಲ್ಲ.

ದಾರಿ ಸಿಕ್ಕಿದ್ದು ತಿಸ್ಸನ ಕಥೆಯಲ್ಲಿ. ಬುದ್ಧನ ಗಾಥೆಗಳ ಸಂಗ್ರಹವಾದ ಧಮ್ಮಪದದ 41ನೇ ಗಾಥೆಗೆ ಅಟ್ಠಕಥೆಯಲ್ಲಿ, ಅಂದರೆ ಹಳೆಯ ವ್ಯಾಖ್ಯಾನದಲ್ಲಿ, ಬರುವ ಭಿಕ್ಷು ಪೂತಿಗತ್ತ (ಕೊಳೆತ ಮೈಯ) ತಿಸ್ಸ. ಮೈಯೆಲ್ಲ ಹುಣ್ಣಾಗಿ, ಕೀವು ಸೋರಿ, ಜೊತೆಯ ಭಿಕ್ಷುಗಳೇ ಕೈಬಿಟ್ಟಿದ್ದರು. ಬುದ್ಧ ತಾನೇ ನೀರು ಕಾಯಿಸಿದ. ಅವನ ಬಟ್ಟೆ ಒಗೆಸಿ ಒಣಗಿಸಿ, ಬಿಸಿನೀರಿನಿಂದ ಮೈ ತೊಳೆದ. ಮೈ ಹಗುರಾದ ಮೇಲೆ ಆ ಗಾಥೆ ಹೇಳಿದ. ಹಿಂದಿನ ಜನ್ಮದಲ್ಲಿ ತಿಸ್ಸ ಹಕ್ಕಿ ಹಿಡಿದು ಎಲುಬು ಮುರಿಯುತ್ತಿದ್ದ ಅನ್ನುವ ಮಾತು ಬರುವುದು ಯಾವಾಗ? ತಿಸ್ಸ ತೀರಿಕೊಂಡ ಮೇಲೆ, ಬೇರೆ ಭಿಕ್ಷುಗಳು ಕೇಳಿದಾಗ. ಹುಣ್ಣಿನ ನೋವಿನಲ್ಲಿ ಮಲಗಿದವನ ಕಿವಿಗೆ ಆ ಮಾತು ಬೀಳಲೇ ಇಲ್ಲ.

ಈ ಕಥೆ ನನಗೆ ಮೊದಲೇ ಗೊತ್ತಿತ್ತು, ನಿಮಗೂ ಗೊತ್ತು. ಮೊದಲು ನೋವು ಹಗುರ ಮಾಡುವುದು, ಆಮೇಲೆ ಕರ್ಮದ ಮಾತು, ಅದರ ಈ ಕ್ರಮವನ್ನೇ ಪಾಠದ ಕ್ರಮ ಮಾಡಿದ್ದು ನಾನು. ನನಗೆ ಗೊತ್ತಿರುವ ಹಾಗೆ ನಮ್ಮ ಕಡೆ ಬೇರೆ ಯಾರೂ ಮಾಡಿರಲಿಲ್ಲ.

ಮೊದಲ ವಾರ ಸುಭ ಬರುವುದೇ ಇಲ್ಲ, ಸೀವಕ ಬರುತ್ತಾನೆ. ಸಂಯುತ್ತ ನಿಕಾಯದಲ್ಲಿ ಬರುವ ಮೋಳಿಯಸೀವಕ ಅನ್ನುವ ಅಲೆಮಾರಿ ಸನ್ಯಾಸಿ. ರಾಜಗಹದ ವೇಳುವನದಲ್ಲಿ ಅವನು, ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರಿಂದಲೇ ಅನ್ನುತ್ತಾರಲ್ಲ, ನಿಜವೇ ಅಂತ ಕೇಳುತ್ತಾನೆ. ಹಾಗೆ ಹೇಳುವವರು ತಪ್ಪು ಅಂತ ಬುದ್ಧನ ಉತ್ತರ. ಪಿತ್ತ, ಕಫ, ವಾಯು, ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನಿಂದ ಬಿದ್ದ ಪೆಟ್ಟು, ಇವೇ ಏಳು. ಎಂಟನೆಯದು ಕರ್ಮದ ಫಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎಂಟು ಮನೆ ಬರೆಯುತ್ತೇನೆ. ಒಬ್ಬೊಬ್ಬರೂ ತಮ್ಮ ಕಾಯಿಲೆಗೆ ಒಂದು ಹುಣಸೆಬೀಜ ಇಡಬೇಕು. ತಮ್ಮದಕ್ಕೆ ಮಾತ್ರ. ಇನ್ನೊಬ್ಬರ ಕಾಯಿಲೆಯ ಬೀಜ ಯಾರೂ ಮುಟ್ಟುವಂತಿಲ್ಲ. ಎಂಟನೆಯ ಮನೆಯಲ್ಲಿ ಯಾರೂ ಏನೂ ಇಡುವಂತಿಲ್ಲ. ಕರ್ಮದ ಫಲವನ್ನು ಯೋಚಿಸಿ ಬಗೆಹರಿಸಲು ಹೋದರೆ ತಲೆ ಕೆಡುತ್ತದೆ ಅಂತ ಅಂಗುತ್ತರ ನಿಕಾಯದಲ್ಲೇ ಇದೆ, ಅಲ್ವಾ?

ಧಾರವಾಡದ ಜಿಟಿಜಿಟಿ ಮಳೆಗೆ ಕೆಮ್ಮು ಬರುವವರು ಋತುವಿನ ಮನೆಗೆ ಹೋದರು. ನಮ್ಮ ಹೊಲಿಗೆಯವರ ಬೆನ್ನುನೋವು ಆರನೆಯ ಮನೆಗೆ. ಒಬ್ಬ ಹೆಣ್ಣುಮಗಳು ಬಹಳ ಹೊತ್ತು ಬೀಜ ಹಿಡಿದು ಕೂತಳು. ಆಮೇಲೆ ಅದನ್ನು ಪೆಟ್ಟಿನ ಮನೆಯಲ್ಲಿ ಇಟ್ಟಳು. ಕುಡಿದು ಬಂದ ಗಂಡ ಹೊಡೆದು ಕಿವಿ ಕೇಳಿಸದಂತೆ ಆಗಿತ್ತು. ಅದು ತನ್ನ ಕರ್ಮ ಅಂತ ಆಕೆ ಇಷ್ಟು ವರ್ಷ ತಿಳಿದಿದ್ದಳು. ಪಕ್ಕದಲ್ಲಿ ಕೂತಿದ್ದ ಮುದುಕಿ, “ಬಡದಾಂವಂದು ಕರ್ಮ ಯವ್ವಾ, ನಿಂದೇನೈತಿ” ಅಂದಳು. ಆ ಮಾತಿನಷ್ಟು ಚೆನ್ನಾಗಿ ನಾನೂ ಹೇಳುತ್ತಿರಲಿಲ್ಲ.

ಇದೇ ಪಾಠದಿಂದ ನಡೆದ ಇನ್ನೊಂದು ಸಂಗತಿ ಹೇಳಲೇಬೇಕು. ಹಮಾಲಿ ಮಾಡುವ ಒಬ್ಬರ ತೋಳಿನ ಮೇಲೆ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ ಇತ್ತು. ಪಾಪದ ಗುರುತು ಅಂತ ವರ್ಷಗಟ್ಟಲೆ ತುಂಬು ತೋಳಿನ ಅಂಗಿಯಲ್ಲಿ ಮುಚ್ಚಿಟ್ಟಿದ್ದರು. ಎರಡನೆಯ ವಾರ ತಾವಾಗಿಯೇ ತೋರಿಸಿದರು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಕುಷ್ಠದ ಶುರು. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ಅದರ ಬಹುಔಷಧ ಚಿಕಿತ್ಸೆ ಸರ್ಕಾರದಿಂದ ಪುಕ್ಕಟೆ. ಬಗೆ ನೋಡಿ ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ. ಅವರು ಪೂರ್ತಿ ಮುಗಿಸಿದರು, ಕೈ ಉಳಿಯಿತು. ನನ್ನನ್ನು ಆಡಿಕೊಂಡವರಿಗೆ ನಾನು ಮೊದಲು ಹೇಳುವುದು ಇವರ ವಿಷಯ.

ಎರಡನೆಯ ವಾರ ಉಪ್ಪು, ಬುದ್ಧ ಕೊಟ್ಟ ಹೋಲಿಕೆ. ಲೋಟದ ನೀರಿಗೆ ಒಂದು ಹರಳು ಹಾಕಿದರೆ ಕುಡಿಯಲಾಗುವುದಿಲ್ಲ, ಗಂಗೆಗೆ ಹಾಕಿದರೆ ಗೊತ್ತೇ ಆಗುವುದಿಲ್ಲ. ಹಾಗೆಯೇ ಒಂದೇ ಚಿಕ್ಕ ಪಾಪ ಶೀಲ, ಚಿತ್ತ ಬೆಳೆಸಿಕೊಳ್ಳದವನನ್ನು ಮುಳುಗಿಸುತ್ತದೆ, ಬೆಳೆಸಿಕೊಂಡವನಿಗೆ ಇಲ್ಲೇ ಸ್ವಲ್ಪದರಲ್ಲಿ ಮುಗಿಯುತ್ತದೆ. ಹೇಳಿದರೆ ಸಾಲದು, ನೆಕ್ಕಿಸಬೇಕು. ಗಂಗೆಯ ಬದಲು ನೀಲಿ ಡ್ರಮ್ಮು ಇಟ್ಟೆವು. ವಾರಕ್ಕೊಮ್ಮೆ ನಳಕ್ಕೆ ನೀರು ಬರುವ ಓಣಿಯಲ್ಲಿ ಡ್ರಮ್ಮಿಗೆ ಉಪ್ಪು ಅಂದರೆ ಜಗಳವೇ ಆಯಿತು. ಪುಡಿ ಉಪ್ಪು ಮುಷ್ಟಿಗಟ್ಟಲೆ ಹಾಕಿ ಡ್ರಮ್ಮೂ ಕೆಟ್ಟಿತು. ಕಲ್ಲುಪ್ಪೇ ಬೇಕು, ಒಂದೇ ಹರಳು, ಹುಣಸೆಬೀಜದ ಗಾತ್ರದ್ದು. ಆ ನೀರನ್ನು ಆಮೇಲೆ ಸಾರಿಗೆ ಬಳಸಬಹುದು ಅಂತ ಮೊದಲೇ ಹೇಳಿಬಿಡಿ.

ಒಮ್ಮೆ ಇದೇ ಪಾಠವನ್ನು ಗದಗ ಜಿಲ್ಲೆಯ ದಂಬಳದ ದೊಡ್ಡ ಕೆರೆಯ ದಂಡೆಯಲ್ಲಿ ಮಾಡಿದೆವು. ಕ್ರೂಸರ್ ಬಾಡಿಗೆ ನಾಲ್ಕು ಸಾವಿರ. ಪಾಠಕ್ಕಿಂತ ಊರೇ ಹೆಚ್ಚು ಕೆಲಸ ಮಾಡಿತು. ಅಲ್ಲಿ ಸಿಕ್ಕ 1095ರ ಶಾಸನದಲ್ಲಿ ಬೌದ್ಧ ದೇವತೆ ತಾರಾದೇವಿಯ ಸ್ತುತಿ ಇದೆ, ಹದಿನಾರು ಜನ ಸೆಟ್ಟರು ಕಟ್ಟಿಸಿದ ಬುದ್ಧ ವಿಹಾರದ ಮಾತಿದೆ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ತಾರಾ ವಿಹಾರದ ಮಾತಿದೆ. ಈ ಧಮ್ಮ ನಾಗಪುರದಿಂದ ಮೊನ್ನೆ ಬಂದದ್ದು ಅಂದುಕೊಂಡಿದ್ದ ಹುಡುಗರು ಅವತ್ತು ಎದೆ ಸೆಟೆಸಿ ಓಡಾಡಿದರು.

ಮುಂಡಗೋಡಿಗೂ ಹೋಗಿದ್ದೆ, ಟಿಬೆಟನ್ ವೈದ್ಯರನ್ನು ಕೇಳಲು. ಅವರ ಶಾಸ್ತ್ರದಲ್ಲಿ ಒಟ್ಟು 404 ಕಾಯಿಲೆ, ನಾಲ್ಕು ಗುಂಪು, ಗುಂಪಿಗೆ 101. ಹಿಂದಿನ ಕರ್ಮದ್ದು ಅನ್ನುವುದು ಅದರಲ್ಲಿ ಒಂದೇ ಗುಂಪು. ಸೀವಕನ ಪಾಠಕ್ಕೆ ಇದನ್ನು ಸೇರಿಸಿಕೊಂಡೆ.

ಮೂರನೆಯ ವಾರ ಸುಭ ಬರುತ್ತಾನೆ. ಈಗ ಅವನ ಸುತ್ತವನ್ನು ಪೂರ್ತಿ ಓದಿಸುತ್ತೇನೆ, ಒಂದು ಸಾಲೂ ಬಿಡುವುದಿಲ್ಲ. ಜೊತೆಗೆ ಮಲ್ಲಿಕಾ ರಾಣಿ. ಕೆಲವು ಹೆಂಗಸರು ಕುರೂಪಿಗಳಾಗಿ ಶ್ರೀಮಂತರು, ಕೆಲವರು ಚೆಲುವೆಯರಾಗಿ ಬಡವರು ಯಾಕೆ ಅಂತ ಬುದ್ಧನನ್ನು ಕೇಳಿದವಳು. ಉತ್ತರ ಕೇಳಿ ಅವಳು ಅರಮನೆಯ ಬೇರೆ ಹೆಂಗಸರ ಮುಖ ಎಣಿಸಲಿಲ್ಲ. ಹಿಂದೆ ನಾನು ಸಿಟ್ಟಿನವಳಾಗಿದ್ದಿರಬೇಕು, ಇವತ್ತಿನಿಂದ ಎಷ್ಟು ಅಂದರೂ ಸಿಟ್ಟಾಗುವುದಿಲ್ಲ, ದಾನ ಕೊಡುತ್ತೇನೆ ಅಂದಳು. ಸುತ್ತವನ್ನು ಓದಬೇಕಾದ ರೀತಿ ಅದೇ. ತನ್ನ ಕಡೆಗೆ, ಇವತ್ತಿನ ಕಡೆಗೆ. ಗೂನುಬೆನ್ನಿನ ಖುಜ್ಜುತ್ತರಾ ಉಪಾಸಿಕೆಯರಲ್ಲಿ, ಅಂದರೆ ಬುದ್ಧನ ಗೃಹಸ್ಥ ಶಿಷ್ಯೆಯರಲ್ಲಿ, ಬಹುಶ್ರುತೆ ಅಂತ ಹೆಸರಾದಳು. ಗಿಡ್ಡನಾಗಿದ್ದು, ಜೊತೆಯವರಿಂದ ತಿರಸ್ಕಾರ ಉಂಡ ಭಿಕ್ಷು ಲಕುಂಟಕ ಭದ್ದಿಯನ ಇಂಪಾದ ದನಿಯನ್ನು ಬುದ್ಧನೇ ಎಲ್ಲರ ಮುಂದೆ ಹೊಗಳಿದ. ಈ ಇಬ್ಬರನ್ನು ಅದೇ ದಿನ ಹೇಳಿಬಿಡಬೇಕು, ಮುಂದಿನ ವಾರಕ್ಕೆ ಉಳಿಸಬಾರದು.

ನಡುವೆ ಒಂದು ಬೇರೆ ಪ್ರಯೋಗವೂ ನಡೆಯಿತು. ಬುದ್ಧ ಹೇಳಿದ ಮೈತ್ರಿಯ ಹನ್ನೊಂದು ಫಲಗಳಲ್ಲಿ ಮುಖದ ಕಳೆ ತಿಳಿಯಾಗುತ್ತದೆ ಅಂತ ಒಂದು ಇದೆಯಲ್ಲ. ಏಳೆಂಟು ಹೆಣ್ಣುಮಕ್ಕಳು ಬೆಳ್ಳಗಾಗುವ ಕ್ರೀಮು ಬಿಟ್ಟು ಬೆಳಿಗ್ಗೆ ಅರ್ಧ ತಾಸು ಮೈತ್ರಿ ಧ್ಯಾನಕ್ಕೆ ಕೂತರು. ಮೊದಲು, ಆಮೇಲೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆದೆವು. ಒಂದು ಮಳೆಗಾಲದ ಬೆಳಕು, ಒಂದು ಬೇಸಿಗೆಯದು, ಏನೂ ಹೇಳಲಾಗಲಿಲ್ಲ. ಆದರೆ ಆ ಪಟ್ಟಿಯ ಮೊದಲ ಮೂರು, ಸುಖವಾಗಿ ಮಲಗುವುದು, ಸುಖವಾಗಿ ಏಳುವುದು, ಕೆಟ್ಟ ಕನಸು ಬೀಳದಿರುವುದು, ಬಹುತೇಕ ಎಲ್ಲರಿಗೂ ಬಂದವು. ಕ್ರೀಮಿನ ದುಡ್ಡು ತಿಂಗಳಿಗೆ ಇನ್ನೂರರಷ್ಟು ಉಳಿಯಿತು. ಫೋಟೋ ಪ್ರಯೋಗವನ್ನು ಒಂದೇ ಕಿಟಕಿಯ ಬೆಳಕಿನಲ್ಲಿ ಮತ್ತೆ ಮಾಡುವುದಿದೆ.

ನಾಲ್ಕನೆಯ ವಾರ ಹಾಲ್‌ನಲ್ಲಿ ಕೂಡುವುದಿಲ್ಲ. ಕಾಯಿಲೆಯವರ ಮನೆಗೆ ಹೋಗುತ್ತೇವೆ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವಿಗೆ ಬುದ್ಧ ನೀರು ಹೊಯ್ದು, ಶಿಷ್ಯ ಆನಂದ ಮೈ ತೊಳೆದ ಪ್ರಸಂಗ ಭಿಕ್ಷುಗಳ ನಿಯಮದ ಗ್ರಂಥವಾದ ವಿನಯಪಿಟಕದಲ್ಲಿ ಇದೆ. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಅಂತ ಬುದ್ಧ ಹೇಳಿದ್ದು ಅಲ್ಲೇ. ಅದನ್ನು ಓದುವುದಿಲ್ಲ, ಮಾಡುತ್ತೇವೆ. ನೀರು ಕಾಯಿಸಿ, ತಲೆ ಬಾಚಿ, ಹಾಸಿಗೆ ಬಿಸಿಲಿಗೆ ಹಾಕಿ ಬರುತ್ತೇವೆ. ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲೇ ಗೊತ್ತಾದರೆ ಜನ ಉತ್ತರ ಕಟ್ಟಿಕೊಂಡು ಬರುತ್ತಾರೆ. ಮೂರನೆಯ ವಾರ ಯಾರನ್ನು ಯಾರ ಪಕ್ಕ ಕೂಡಿಸುತ್ತೇನೆ ಅನ್ನುವುದೂ ಹಾಗೆಯೇ, ಬಂದು ನೋಡಿದವರಿಗೆ ಮಾತ್ರ.

ಐದಾರು ಜನಕ್ಕೆ ಇಳಿದಿದ್ದ ಕೂಟದಲ್ಲಿ ಈಗ ಮೂವತ್ತರ ಹತ್ತಿರ ಜನ. ಕಾಲು ಸ್ವಾಧೀನವಿಲ್ಲದ ಹುಡುಗನ ತಾಯಿ ವಾಪಸು ಬಂದಿದ್ದಾಳೆ, ಸುಣ್ಣದ ಮನೆ ಬರೆಯುವುದು ಈಗ ಆ ಹುಡುಗನ ಕೆಲಸ. ಒಂದು ಬ್ಯಾಚಿನ ಖರ್ಚು ಹಾಲ್ ಬಾಡಿಗೆ ಬಿಟ್ಟರೆ ನೂರು ರೂಪಾಯಿ ದಾಟುವುದಿಲ್ಲ. ಬೇಡವೆಂದಿದ್ದ ಹಿರಿಯರಲ್ಲಿ ಒಬ್ಬರು ಹೋದ ಬ್ಯಾಚಿಗೆ ತಮ್ಮ ಸೊಸೆಯನ್ನೂ ಮೊಮ್ಮಗನನ್ನೂ ಕರೆತಂದು ಕೂಡಿಸಿದರು. ಗದಗಿನ ಗೆಳೆಯರು ದೀಪಾವಳಿ ಆದ ಮೇಲೆ ಶುರು ಮಾಡುವವರಿದ್ದಾರೆ. ಸಮಯ ಕಡಿಮೆ, ಸೀವಕನನ್ನೂ ಸುಭನನ್ನೂ ಒಂದೇ ವಾರಕ್ಕೆ ಸೇರಿಸಬಹುದಾ ಅಂತ ಕೇಳಿದರು. ಆಗುವುದಿಲ್ಲ ಅಂದಿದ್ದೇನೆ. ಉಪ್ಪಿನ ವಾರ ಬೇಕಾದರೆ ಬಿಡಲಿ, ಆ ಇಬ್ಬರ ನಡುವೆ ಒಂದು ವಾರವಾದರೂ ಇರಲೇಬೇಕು.