ಹಳೆ ಜೀಪನ್ನು ಎತ್ತರಿಸುವುದು ಹೇಗೆ: ಪಟ್ಟಿಯನ್ನು ಆಕ್ಸಲ್ ಮೇಲೆ ಕೂರಿಸುವ ಸರಿಯಾದ ಕ್ರಮ

ಹಳೆ ಸಿಜೆ-3ಬಿ ಜೀಪನ್ನು ಎತ್ತರ ಮಾಡಿಸಿಕೊಂಡು ಹೋದವರಲ್ಲಿ ಅರ್ಧಕ್ಕರ್ಧ ಜನ ಸ್ವಲ್ಪ ದಿನಕ್ಕೇ ಮತ್ತೆ ಗ್ಯಾರೇಜಿನ ಮುಂದೆ ನಿಂತಿರುತ್ತಾರೆ. ದೂರುಗಳು ಮೂರೇ ಮೂರು. ಸ್ವಲ್ಪ ವೇಗ ಹಿಡಿದರೆ ಗಾಡಿ ನಡುಗುತ್ತದೆ, ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಪದೇ ಪದೇ ಹೋಗುತ್ತದೆ. ಮೂರಕ್ಕೂ ಬಹುಪಾಲು ಕಾರಣ ಒಂದೇ: ಕೋನ ಅಳೆಯದೆ ಸ್ಪ್ರಿಂಗ್ ಪ್ಯಾಡ್ (ಆಕ್ಸಲ್ ಮೇಲೆ ಪಟ್ಟಿ ಕೂರುವ ಪೀಠ) ವೆಲ್ಡ್ ಮಾಡಿದ್ದು. ಅದಕ್ಕೇ ಈ ಲೇಖನದ ಹೆಚ್ಚಿನ ಜಾಗ ಆ ಒಂದು ಹಂತಕ್ಕೆ.

ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ತಯಾರಾಯಿತು. ನಮ್ಮಲ್ಲಿ ಅದಕ್ಕಿಂತ ಎಷ್ಟೋ ವರ್ಷ ಹೆಚ್ಚು ನಡೆಯಿತು. ಕೊಡಗು, ಮೂಡಿಗೆರೆ, ಸಕಲೇಶಪುರದ ಎಸ್ಟೇಟುಗಳಲ್ಲಿ ಕಾಫಿ ಮೂಟೆ ಹೊತ್ತವು ಬಹುಪಾಲು ಇದರ ಸಂತತಿಯೇ. ಇವುಗಳಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗ್. ಪಟ್ಟಿಯ ಸೆಟ್ಟು ಆಕ್ಸಲ್ ಕೊಳವೆಯ ಕೆಳಗಿರುತ್ತದೆ. ಅದನ್ನು ತೆಗೆದು ಕೊಳವೆಯ ಮೇಲೆ ಕೂರಿಸಿದರೆ ಗಾಡಿ ಸುಮಾರು 4ರಿಂದ 5 ಇಂಚು ಮೇಲೇಳುತ್ತದೆ. ಮಾತಿನಲ್ಲಿ ಇಷ್ಟೇ ಕೆಲಸ.

ಸ್ಪ್ಯಾನರ್ ಹಿಡಿಯುವ ಮೊದಲು

ಕಾಗದಪತ್ರ ನೋಡಿಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳನ್ನು 2021ರ ನಿಯಮದಲ್ಲಿ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಗೆ ಕೈಹಾಕಿರಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊರತಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಆದ್ದರಿಂದ ಈ ಕೆಲಸ ಎಸ್ಟೇಟಿನ ಒಳಗೆ, ಇಲ್ಲವೇ ಖಾಸಗಿ ಜಾಗದ ಆಫ್‌ರೋಡ್ ಸ್ಪರ್ಧೆಯಲ್ಲಿ ಓಡುವ ಗಾಡಿಗೆ. ಅಪ್ಪಟ ಸ್ಥಿತಿಯಲ್ಲಿರುವ, ತಾತನ ಕಾಲದ ನಂಬರ್ ಪ್ಲೇಟಿನ ಜೀಪಿಗೆ ದಯವಿಟ್ಟು ಮಾಡಬೇಡಿ.

ಇನ್ನೊಂದು ವಿಷಯ. ಎಷ್ಟೋ ಜೀಪುಗಳು ಕುಳ್ಳಗೆ ಕಾಣುವುದು ಪಟ್ಟಿ ಸೋತಿರುವುದರಿಂದ. ಚಪ್ಪಟೆಯಾದ ಸೆಟ್ಟು ತೆಗೆದು ಸರಿಯಾದ ಬಾಗು ಇರುವ ಹೊಸ ಸೆಟ್ಟು ಹಾಕಿದರೆ ಕಳೆದುಹೋದ ಎತ್ತರ ವಾಪಸ್ ಬರುತ್ತದೆ, 7.00-16 ಟೈರ್ ಹಾಕಲು ಅಷ್ಟು ಸಾಕು. ಹಳೆ ಪಟ್ಟಿಯನ್ನೇ ತಣ್ಣಗೆ ಬಡಿದು ಬಗ್ಗಿಸಿಕೊಡುವವರಿದ್ದಾರೆ. ಒಂದು ಮಳೆಗಾಲದಲ್ಲಿ ಮತ್ತೆ ಮಲಗುತ್ತದೆ. ಹೊಸ ಬಣ್ಣ ಬಳಿದ ಹಳೆ ಪಟ್ಟಿಯನ್ನು ಹೊಸದೆಂದು ಮಾರುವವರೂ ಇದ್ದಾರೆ. ಒಂದರ ಮೇಲೊಂದು ಪಟ್ಟಿ ಉಜ್ಜಿ ಸವೆದ ಗುರುತು ತುದಿಯಲ್ಲಿ ಇದೆಯೇ ಎಂದು ಬೆರಳಾಡಿಸಿ ನೋಡಿಯೇ ಖರೀದಿಸಿ.

ಮೊದಲ ಹಂತ: ಬಿಚ್ಚುವ ಮೊದಲೇ ಅಳತೆ

ಸಿಮೆಂಟ್ ನೆಲದ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿಸಿ. ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ) ಹಿಂದಿನ ಔಟ್‌ಪುಟ್ ಫ್ಲೇಂಜ್, ಹಿಂದಿನ ಹೌಸಿಂಗಿನ (ಆಕ್ಸಲ್ಲಿನ ಹೊರಕವಚ) ಟೈಲ್ ಪಿನಿಯನ್ ಫ್ಲೇಂಜ್, ಅಂದರೆ ಶಾಫ್ಟ್ ಬಂದು ಸೇರುವ ಮೂತಿ, ಮುಂದಿನ ಪಿನಿಯನ್, ಮುಂದಿನ ಕಿಂಗ್‌ಪಿನ್ನಿನ (ಚಕ್ರ ಎಡಬಲಕ್ಕೆ ತಿರುಗುವ ಗೂಟ) ಮೇಲ್ಮುಚ್ಚಳ, ಈ ನಾಲ್ಕು ಕಡೆ ಕೋನ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಅಯಸ್ಕಾಂತದ ಡಿಜಿಟಲ್ ಆಂಗಲ್ ಗೇಜ್ ಒಂದು ಕೊಂಡರೆ ಸಾಕು. ಗಾರೆಯವರ ರಸಮಟ್ಟ ಈ ಕೆಲಸಕ್ಕೆ ಬಾರದು, ಅದು ಮಟ್ಟ ಹೇಳುತ್ತದೆಯೇ ಹೊರತು ಡಿಗ್ರಿ ಹೇಳುವುದಿಲ್ಲ. ಮೊಬೈಲ್ ಆ್ಯಪ್ ನಂಬುವವರು ಫೋನಿನ ಕವರ್ ಬಿಚ್ಚಿಯಾದರೂ ಇಡಿ.

ಎರಡು: ಬಿಚ್ಚುವುದು

ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಬ್ರೇಕ್ ಹೋಸ್, ಪ್ರೊಪೆಲ್ಲರ್ ಶಾಫ್ಟ್, ಶಾಕ್ ಅಬ್ಸಾರ್ಬರ್ ಕಳಚಿ, ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿದಿರುವ ಯು-ಬೋಲ್ಟ್ ಬಿಚ್ಚಿ. ತುಕ್ಕು ಹಿಡಿದ ಯು-ಬೋಲ್ಟನ್ನು ಕತ್ತರಿಸಿದರೂ ಚಿಂತೆಯಿಲ್ಲ, ಹೇಗೂ ಮತ್ತೆ ಬಳಸಬಾರದು.

ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಹಳೆ ಮಾದರಿಯ ಯು ಆಕಾರದ್ದಾಗಿದ್ದರೆ ಹುಷಾರು. ಅದರ ಬುಷ್ಷಿಗೆ ಥ್ರೆಡ್ ಇರುತ್ತದೆ, ಕೆಲವಕ್ಕೆ ಎಡಗೈ ಥ್ರೆಡ್. ಅಂಥ ಶ್ಯಾಕಲ್ಲಿನ ಮೈಮೇಲೆ ಸಣ್ಣದೊಂದು ಉಬ್ಬು ಇರುತ್ತದೆ, ಮಣ್ಣು ಕೆರೆದು ನೋಡಿದರೆ ಕಾಣುತ್ತದೆ. ಅದನ್ನು ಗಮನಿಸದೆ ಪೈಪ್ ಹಾಕಿ ಬಲ ಬಿಟ್ಟು ಶ್ಯಾಕಲ್ ಮುರಿದ ಹುಡುಗರನ್ನು ಪ್ರತಿ ಗ್ಯಾರೇಜಿನಲ್ಲೂ ಕಾಣಬಹುದು.

ಹಿಂದಿನ ಹಬ್ ಕೂಡ ಹೀಗೇ. ಆಕ್ಸಲ್ ತುದಿ ಮೊನಚಾಗಿದ್ದು ಹಬ್ ಅದರ ಮೇಲೆ ಕೀಲಿನೊಂದಿಗೆ ಬಿಗಿದುಕೊಂಡಿರುತ್ತದೆ. ತೆಗೆಯಲು ದೊಡ್ಡ ಪುಲ್ಲರ್ ಬೇಕು. ಸುತ್ತಿಗೆಯಲ್ಲಿ ಶಾಫ್ಟಿನ ತುದಿಗೆ ಬಡಿದರೆ ಪೆಟ್ಟು ನೇರ ಒಳಗಿನ ಬೇರಿಂಗಿಗೆ ಬೀಳುತ್ತದೆ.

ಮೂರು: ಪ್ಯಾಡ್ ಕೂರಿಸುವುದು

ಕೆಲಸ ಕೆಡುವುದೇ ಇಲ್ಲಿ. ಸಾಮಾನ್ಯವಾಗಿ ನಡೆಯುವುದೇನೆಂದರೆ, ಹಳೆ ಪ್ಯಾಡಿಗೆ ಸರಿಯಾಗಿ ಎದುರಿನಲ್ಲಿ, ಮೇಲ್ಭಾಗದಲ್ಲಿ ಹೊಸ ಪ್ಯಾಡ್ ಇಟ್ಟು ಫುಲ್ ವೆಲ್ಡ್ ಹೊಡೆದು ಗಾಡಿ ಇಳಿಸುತ್ತಾರೆ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ: ಗಾಡಿ 5 ಇಂಚು ಎದ್ದಾಗ ಪ್ರೊಪೆಲ್ಲರ್ ಶಾಫ್ಟಿನ ಇಳಿಜಾರು ಬದಲಾಗಿರುತ್ತದೆ, ಪ್ಯಾಡಿನ ಕೋನ ಮಾತ್ರ ಹಳೆಯದೇ. ಸಿಜೆ-3ಬಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರವೇ 80 ಇಂಚು. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಕಳೆದರೆ ಹಿಂದಿನ ಶಾಫ್ಟಿಗೆ ಉಳಿಯುವ ಉದ್ದ ತೀರಾ ಕಡಿಮೆ. ಶಾಫ್ಟ್ ಗಿಡ್ಡವಾದಷ್ಟೂ ಒಂದೊಂದು ಇಂಚು ಎತ್ತರಕ್ಕೂ ಇಳಿಜಾರು ಕಡಿದಾಗುತ್ತದೆ.

ಸರಿಯಾದ ಕ್ರಮ ಹೀಗೆ. ಹೊಸ ಪ್ಯಾಡನ್ನು ಕೊಳವೆಯ ಮೇಲೆ ಸುಮ್ಮನೆ ಇಡಿ, ಅದರ ಮೇಲೆ ಸ್ಪ್ರಿಂಗ್ ಸೆಟ್ಟು. ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಪ್ಯಾಡಿನ ತೂತಿನೊಳಗೆ ಕೂರಬೇಕು. ಯು-ಬೋಲ್ಟುಗಳನ್ನು ಕೈಬಿಗಿಗಿಂತ ಸ್ವಲ್ಪ ಮಾತ್ರ ಹೆಚ್ಚು ಬಿಗಿ ಮಾಡಿ, ಕೊಳವೆ ಪ್ಯಾಡಿನ ಕೆಳಗೆ ತಿರುಗುವಂತಿರಬೇಕು. ಈಗ ಚಕ್ರ ಹಾಕಿ ಗಾಡಿಯನ್ನು ನೆಲಕ್ಕೆ ಇಳಿಸಿ. ಪೂರ್ತಿ ಭಾರ ಚಕ್ರದ ಮೇಲಿರಲಿ: ಎಂಜಿನ್, ಬ್ಯಾಟರಿ, ಸ್ಪೇರ್ ಚಕ್ರ, ಟ್ಯಾಂಕಿಗೆ ಅರ್ಧವಾದರೂ ಇಂಧನ. ಬಂಪರ್ ಹಿಡಿದು ಅಮುಕಿ ಬಿಟ್ಟು ಪಟ್ಟಿಯನ್ನು ಅದರ ಜಾಗಕ್ಕೆ ಕೂರಿಸಿ. ಸ್ಟ್ಯಾಂಡ್ ಮೇಲೆ ಜೋತಾಡುತ್ತಿರುವ ಆಕ್ಸಲ್ಲಿನಲ್ಲಿ ಅಳೆದ ಕೋನಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಹಿಂದಿನ ಆಕ್ಸಲ್ ಮೊದಲು. ಎರಡು ತುದಿಗೂ ಒಂದೊಂದೇ ಕ್ರಾಸ್ ಇರುವ ಶಾಫ್ಟ್ ಒಂದೇ ಸಮ ತಿರುಗುವುದಿಲ್ಲ. ಇಳಿಜಾರಿದ್ದರೆ ಪ್ರತಿ ಸುತ್ತಿನಲ್ಲೂ ಮುಂದಿನ ಕ್ರಾಸ್ ಶಾಫ್ಟನ್ನು ಎರಡು ಸಲ ಬೇಗ, ಎರಡು ಸಲ ನಿಧಾನ ತಿರುಗಿಸುತ್ತದೆ. ಹಿಂದಿನ ಕ್ರಾಸಿನಲ್ಲೂ ಅಷ್ಟೇ ಕೋನವಿದ್ದರೆ ಮಾತ್ರ ಆ ಏರುಪೇರು ಅಲ್ಲಿಗಲ್ಲಿಗೆ ವಜಾ ಆಗುತ್ತದೆ. ಹಾಗಾಗಿ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರ ಇರಬೇಕು. ಔಟ್‌ಪುಟ್ ಹಿಂದಕ್ಕೆ 3 ಡಿಗ್ರಿ ಕೆಳಮುಖವಾಗಿದೆ ಅಂದುಕೊಳ್ಳಿ. ಪಿನಿಯನ್ ಮೂತಿ ಮುಂದಕ್ಕೆ 3 ಡಿಗ್ರಿ ಮೇಲ್ಮುಖವಾಗಿದ್ದರೆ ಲೆಕ್ಕ ಸರಿ. ಆದರೆ ಆಕ್ಸಿಲರೇಟರ್ ಒತ್ತಿದಾಗ ಪಟ್ಟಿ ಬಳುಕಿ ಪಿನಿಯನ್ ಮೂತಿ ತಾನೇ ಮೇಲೇಳುತ್ತದೆ. ಅದಕ್ಕೆ ಒಂದೂವರೆ ಡಿಗ್ರಿ ತಗ್ಗಿಸಿಯೇ ಇಡಿ. ಪಿನಿಯನ್ ಮೂತಿಯ ಕೆಳಗೆ ಪುಟ್ಟ ಜಾಕ್ ಕೊಟ್ಟು ಕೂದಲೆಳೆಯಷ್ಟು ಎತ್ತುತ್ತಾ ಇಳಿಸುತ್ತಾ ಗೇಜ್ ನೋಡಿದರೆ ಈ ಕೆಲಸಕ್ಕೆ ಒಬ್ಬರೇ ಸಾಕು.

ಶಾಫ್ಟನ್ನು ಮರಳಿ ಜೋಡಿಸುವಾಗ ಸ್ಪ್ಲೈನಿನ (ಶಾಫ್ಟಿನ ಹಲ್ಲಿರುವ ಜಾರು ಭಾಗ) ಮೇಲಿನ ಬಾಣದ ಗುರುತುಗಳು ಎದುರುಬದುರಾಗಿರಲಿ. ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಮತಲದಲ್ಲಿರಬೇಕು. ಒಂದು ಹಲ್ಲು ತಪ್ಪಿದರೂ ಮೇಲಿನ ಲೆಕ್ಕವೆಲ್ಲ ಹಾಳು. ಟ್ರಾನ್ಸ್‌ಫರ್ ಕೇಸಿನ ಕಡೆ ಡಬಲ್ ಕ್ರಾಸಿನ ಶಾಫ್ಟ್ ಮಾಡಿಸಿದವರಿಗೆ ಲೆಕ್ಕವೇ ಬೇರೆ, ಅವರ ಪಿನಿಯನ್ ನೇರ ಶಾಫ್ಟಿನ ಕಡೆಗೇ ನೋಡಬೇಕು. ದುಡ್ಡಿದ್ದರೆ ನಾನು ಅದನ್ನೇ ಹೇಳುತ್ತೇನೆ.

ಈಗ ಮುಂದಿನ ಆಕ್ಸಲ್. ಇಲ್ಲಿ ಒಂದೇ ಕೊಳವೆಗೆ ಇಬ್ಬರು ಯಜಮಾನರು. ಪಿನಿಯನ್ ಮೂತಿ ಶಾಫ್ಟಿನ ಕಡೆ ಏಳಬೇಕು ಅನ್ನುತ್ತದೆ; ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರಬೇಕು ಅನ್ನುತ್ತದೆ ಕ್ಯಾಸ್ಟರ್. ಕ್ಯಾಸ್ಟರ್ ಅಂದರೆ ಕಿಂಗ್‌ಪಿನ್ ಹೀಗೆ ಹಿಂದಕ್ಕೆ ವಾಲಿರುವ ಕೋನ; ಈ ಜೀಪುಗಳಲ್ಲಿ ಅದು 3 ಡಿಗ್ರಿ. ಪಿನಿಯನ್ ಮೂತಿಯನ್ನು 3 ಡಿಗ್ರಿ ಎತ್ತಿದಿರೋ, ಕ್ಯಾಸ್ಟರ್ ಸೊನ್ನೆ. ಇನ್ನೂ ಎತ್ತಿದರೆ ಕಿಂಗ್‌ಪಿನ್ ಮುಂದಕ್ಕೆ ವಾಲಿ ಗಾಡಿ ರಸ್ತೆಯ ತುಂಬ ಅಲೆಯುತ್ತದೆ. ಇಲ್ಲಿ ರಾಜಿ ಬೇಡ: ಕ್ಯಾಸ್ಟರ್ ಮೊದಲು, ಪಿನಿಯನ್ ಆಮೇಲೆ. ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸಿಡುವ ಫ್ರೀ ವ್ಹೀಲಿಂಗ್ ಹಬ್ ಹಾಕಿದ್ದರೆ ಟಾರ್ ರಸ್ತೆಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಅದರ ಕೋನ ಸ್ವಲ್ಪ ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಹಬ್ ಇಲ್ಲದ ಜೀಪಿನಲ್ಲಿ ಫೋರ್ ವ್ಹೀಲ್ ಹಾಕದಿದ್ದರೂ ಆ ಶಾಫ್ಟ್ ಸುತ್ತುತ್ತಲೇ ಇರುತ್ತದೆ, ಆದ್ದರಿಂದ ಮೊದಲು ಹಬ್ ಹಾಕಿಸಿ. ಎರಡೂ ಪಕ್ಕಾ ಬೇಕೆಂದರೆ ಕೊಳವೆಯ ತುದಿಯ ಗುಂಡನ್ನು ಕತ್ತರಿಸಿ ತಿರುಗಿಸಿ ಮತ್ತೆ ಬೆಸೆಯಬೇಕು. ಅಲುಗದಂತೆ ಹಿಡಿದಿಡುವ ಚೌಕಟ್ಟು, ಅಂದರೆ ಜಿಗ್, ಇಲ್ಲದ ಗ್ಯಾರೇಜಿನಲ್ಲಿ ಅದನ್ನು ಮಾಡಿಸುವುದಕ್ಕಿಂತ ಗಾಡಿ ಮಾರುವುದು ವಾಸಿ.

ಕೋನ ಕೂತ ಮೇಲೆ ಪ್ರತಿ ಪ್ಯಾಡಿಗೆ ನಾಲ್ಕು ಮೂಲೆಯಲ್ಲಿ ಪಾಯಿಂಟ್ (ಚುಕ್ಕಿಯಷ್ಟೇ ವೆಲ್ಡ್) ಹಿಡಿಸಿ. ಬ್ಯಾಟರಿ ಕಳಚಿರಲಿ. ವೆಲ್ಡಿಂಗ್ ಅರ್ತ್ ಕ್ಲ್ಯಾಂಪನ್ನು ಪ್ಯಾಡಿನ ಪಕ್ಕದಲ್ಲೇ ಕೊಳವೆಗೆ ಕಚ್ಚಿಸಿ. ಚಾಸಿಗೆ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದರ ಮೈಮೇಲೆ ಚುಕ್ಕಿ ಸುಡುತ್ತದೆ. ಪಾಯಿಂಟ್ ಹಿಡಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಸರಿಯಿದ್ದರೆ ಆಕ್ಸಲ್ ಹೊರತೆಗೆದು ಪೂರ್ತಿ ವೆಲ್ಡ್. ಒಂದೇ ಉಸಿರಿಗೆ ಉದ್ದಕ್ಕೆ ಎಳೆಯಬಾರದು. ಒಂದು ಇಂಚು ಈ ಕಡೆ, ಒಂದು ಇಂಚು ಆ ಕಡೆ, ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಮೇಲ್ಗಡೆ ಬಿದ್ದ ಬಿಸಿ ಆರುವಾಗ ಕೊಳವೆಯನ್ನು ಎಳೆದು ತುದಿಗಳನ್ನು ಮೇಲಕ್ಕೆತ್ತುತ್ತದೆ, ಸಾಲದ್ದಕ್ಕೆ ಒಳಗಿನ ಸೀಲ್ ಕೂಡ ಬೇಯುತ್ತದೆ. ಬೇಗ ಆಗಲಿ ಎಂದು ನೀರು ಸುರಿಯುವವರಿದ್ದಾರೆ, ಅವರಿಗೆ ವೆಲ್ಡಿಂಗ್ ಹೋಲ್ಡರ್ ಕೊಡಬೇಡಿ. ಹೌಸಿಂಗಿನ ನಡುಭಾಗ ಎರಕದ್ದು, ಸಾದಾ ರಾಡಿನ ವೆಲ್ಡ್ ಅದಕ್ಕೆ ಹಿಡಿದಂತೆ ಕಂಡರೂ ಪಕ್ಕದಲ್ಲಿ ಬಿರುಕು ಬಿಡುತ್ತದೆ. ವೆಲ್ಡ್ ಕೊಳವೆಯ ಮೇಲಷ್ಟೇ ಇರಲಿ.

ಎತ್ತರ ಕೊಡುವ ಅಡ್ಡದಾರಿಗಳು

ಮುಂದಿನ ಆಕ್ಸಲ್ಲಿಗೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸುವುದು ಬೇಡವೇ ಬೇಡ. ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿ ಬ್ಲಾಕ್ ಜಾರಬಹುದು. ಎರಕದ ಅಲ್ಯುಮಿನಿಯಂ ಬ್ಲಾಕ್ ಹಿಂದೆಯೂ ಬೇಡ. ಶ್ಯಾಕಲ್ ಉದ್ದ ಮಾಡಿಸುವುದು ಅಗ್ಗದ ದಾರಿ, ನಿಜ. ಆದರೆ ಈ ಜೀಪಿನಲ್ಲಿ ಮುಂದಿನ ಶ್ಯಾಕಲ್ ಪಟ್ಟಿಯ ಮುಂತುದಿಯಲ್ಲಿದೆ. ಉದ್ದ ಮಾಡಿದಷ್ಟೂ ಕ್ಯಾಸ್ಟರ್ ತಿನ್ನುತ್ತದೆ.

ನಾಲ್ಕು: ಉಳಿದ ಜೋಡಣೆ

ಪಟ್ಟಿ ಮೇಲೆ ಹೋದ ಮೇಲೆ ಹಿಂದಿನ ಆಕ್ಸಲ್ ಹೆಚ್ಚು ತಿರುಚುತ್ತದೆ. ಲೋ ಗೇರಿನಲ್ಲಿ ಕಲ್ಲು ಹತ್ತುವಾಗ ಪಟ್ಟಿ ಇಂಗ್ಲಿಷಿನ ಎಸ್ ಆಕಾರಕ್ಕೆ ಬಳುಕುವುದನ್ನು ಕಣ್ಣಾರೆ ನೋಡಬಹುದು. ಹೌಸಿಂಗಿನಿಂದ ಚಾಸಿಗೆ ಒಂದು ಟಾರ್ಕ್ ಬಾರ್ ಕಟ್ಟಿಸಿ, ಮುಂತುದಿಗೆ ಶ್ಯಾಕಲ್ ಇರಲಿ. ಎರಡೂ ತುದಿ ಬಿಗಿದರೆ ಆಕ್ಸಲ್ ಆಡುವುದಿಲ್ಲ.

ಬ್ರೇಕ್ ಹೋಸ್ ಉದ್ದದ್ದು ಹಾಕಿ, ಚಕ್ರ ಪೂರ್ತಿ ಜೋತುಬಿದ್ದಾಗಲೂ ಸೆಳೆಯಬಾರದು. ಶಾಕ್ ಅಬ್ಸಾರ್ಬರ್ ಕೊಳ್ಳುವ ಮೊದಲು ಪಟ್ಟಿ ಅಮುಕಿದಾಗ, ಜೋತಾಗ ಎರಡೂ ಉದ್ದ ಅಳೆದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗಾಡಿಯ ಹೆಸರು ಹೇಳಿದರೆ ಮೂಲ ಅಳತೆಯದ್ದನ್ನೇ ಕೊಡುತ್ತಾರೆ, ನಿಮಗೆ ಬೇಕಿರುವುದು ಅದಲ್ಲ. ಕ್ರಾಸ್ ಕೊಳ್ಳುವಾಗ ಗ್ರೀಸ್ ನಿಪ್ಪಲ್ ಇರುವುದನ್ನೇ ಕೇಳಿ.

ಸ್ಟೇರಿಂಗ್ ಕಡೆ ಟೈ ರಾಡುಗಳ ಇಳಿಜಾರು ನೋಡಿ. ಸ್ಟೇರಿಂಗಿನ ಚಲನೆಯನ್ನು ರಾಡುಗಳಿಗೆ ದಾಟಿಸುವ ನಡುವಿನ ಬೆಲ್ ಕ್ರ್ಯಾಂಕ್ ಚಾಸಿಯ ಜೊತೆ ಮೇಲೇರಿದೆ, ಚಕ್ರ ಅಲ್ಲೇ ಇದೆ. ಗುಂಡಿಗೆ ಬಿದ್ದಾಗಲೆಲ್ಲ ಚಕ್ರ ತಾನಾಗಿ ತಿರುಗಿದರೆ ಕಾರಣ ಇದೇ. ಬೆಲ್ ಕ್ರ್ಯಾಂಕಿನ ಪಿನ್ ಆ ಎತ್ತರಕ್ಕೆ ತಕ್ಕಂತೆ ತಗ್ಗಿಸಬೇಕು. ರಾಡನ್ನು ಕಾಯಿಸಿ ಬಗ್ಗಿಸುವುದು ಪರಿಹಾರವಲ್ಲ.

ಯು-ಬೋಲ್ಟ್ ಎದುರುಬದುರು ಕ್ರಮದಲ್ಲಿ ಬಿಗಿದು, ಎರಡೂ ಹೌಸಿಂಗಿಗೆ ಎಣ್ಣೆ ತುಂಬಿ. ಪಿನಿಯನ್ ಮೂತಿ ಎದ್ದಿರುವ ಹೌಸಿಂಗಿಗೆ ಸ್ವಲ್ಪ ಹೆಚ್ಚೇ ಹೋಗಲಿ, ಇಲ್ಲದಿದ್ದರೆ ಪಿನಿಯನ್ನಿನ ಮೂತಿಯ ಕಡೆಯ ಬೇರಿಂಗಿಗೆ ಎಣ್ಣೆ ತಲುಪುವುದಿಲ್ಲ.

ಓಡಿಸಿ ನೋಡುವುದು

ಮೊದಲ 100 ಕಿ.ಮೀ. ಆದ ಮೇಲೆ ಯು-ಬೋಲ್ಟುಗಳನ್ನೂ ಹಿಂದಿನ ಹಬ್ ನಟ್ಟನ್ನೂ ಮತ್ತೆ ಬಿಗಿ ಮಾಡಿ. ಆ ನಟ್ ಸಡಿಲವಾದರೆ ಕೀಲು ತುಂಡಾಗಿ ಚಕ್ರ ನಿಂತಲ್ಲೇ ಉಳಿದು ಶಾಫ್ಟ್ ಮಾತ್ರ ಸುತ್ತುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಕ ಬಂದರೆ ಪಿನಿಯನ್ ಮೂತಿ ಹೆಚ್ಚು ಎದ್ದಿದೆ. ಕಾಲು ತೆಗೆದಾಗ ಬಂದರೆ ಹೆಚ್ಚು ತಗ್ಗಿದೆ. ವೇಗಕ್ಕೆ ತಕ್ಕಂತೆ ಸದಾ ಇದ್ದರೆ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ. ಒಂದೆರಡು ಡಿಗ್ರಿ ವ್ಯತ್ಯಾಸಕ್ಕೆ ಪ್ಯಾಡ್ ಕೀಳಬೇಕಿಲ್ಲ, ಪಟ್ಟಿಗೂ ಪ್ಯಾಡಿಗೂ ನಡುವೆ ಓರೆ ಶಿಮ್ ಇಟ್ಟರೆ ಸರಿಹೋಗುತ್ತದೆ. ಉಕ್ಕಿನದೇ ತನ್ನಿ, ಅಲ್ಯುಮಿನಿಯಂ ಶಿಮ್ ನಜ್ಜುಗುಜ್ಜಾಗಿ ಯು-ಬೋಲ್ಟ್ ಸಡಿಲಾಗುತ್ತದೆ.